ಹಾಸಿಗೆರಾಯರ ಬಾಡಿಗೆ ವಿಮಾನ

ಹಾಸಿಗೆರಾಯರಿಗೆ ಆ ಯೋಚನೆ ಹೊಳೆದದ್ದು ಹಲ್ಲುಜ್ಜುತ್ತಿರುವಾಗ. ಅವರ ಬದುಕಿನ ದೊಡ್ಡ ಯೋಚನೆಗಳೆಲ್ಲ ಬಾಯಿ ತುಂಬ ನೊರೆ ಇರುವ ಹೊತ್ತಿನಲ್ಲಿಯೇ ಹೊಳೆಯುತ್ತಿದ್ದುದರಿಂದ, ಅವನ್ನು ತಕ್ಷಣ ಯಾರಿಗೂ ಹೇಳಲಾಗುತ್ತಿರಲಿಲ್ಲ. (ಮನೆಯವರ ಮಟ್ಟಿಗೆ ಅದೊಂದು ಸೌಕರ್ಯ.) ಅಂದು ಮಾತ್ರ ಅವರು ಬಾಯಿ ಮುಕ್ಕಳಿಸಿ, ಮುಖವನ್ನೂ ಒರೆಸಿಕೊಳ್ಳದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, ತಂಗಿಯ ಊರಿಗೆ ಹೋಗಲು ತಾವೊಂದು ವಿಮಾನವನ್ನೇ ಬಾಡಿಗೆಗೆ ಹಿಡಿಯುವುದಾಗಿ ಘೋಷಿಸಿದರು.

ಹೆಂಡತಿ ಒಲೆಯ ಕಡೆಯಿಂದ ತಿರುಗಲಿಲ್ಲ. "ಯಾಕ್ರೀ, ಟ್ಯಾಕ್ಸಿ ಸಿಗ್ಲಿಲ್ವಾ?" ಎಂದು ಕೇಳಿದರು.

ರಾಯರ ನಿಜವಾದ ಹೆಸರು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವರು ಹಾಸಿಗೆರಾಯರು. ಪೇಟೆಯ ಬೀದಿಯಲ್ಲಿ ಅವರದು ಉದ್ದನೆಯ ಅಂಗಡಿ. ಒಳಗೆ ಸಾಲಾಗಿ ಮಂಚ, ಮಂಚದ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಗಿರಾಕಿ. ಅವರ ವ್ಯಾಪಾರದ ಪದ್ಧತಿಯೇ ಬೇರೆ. ಬೆಲೆ, ಬಾಳಿಕೆ, ಗ್ಯಾರಂಟಿ ಇವುಗಳ ಬಗ್ಗೆ ಅವರು ಮಾತೇ ಆಡುತ್ತಿರಲಿಲ್ಲ. ಬಂದವರನ್ನು ಚಪ್ಪಲಿ ಬಿಡಿಸಿ ಮಲಗಿಸಿಬಿಡುತ್ತಿದ್ದರು. ಗಿರಾಕಿಯ ಕಣ್ಣು ತಾನಾಗಿ ಮುಚ್ಚಿಕೊಂಡರೆ ವ್ಯಾಪಾರ ಕುದುರಿದಂತೆ. ಗೊರಕೆ ಬಂದರೆ ದಿಂಬುಗಳೂ ಹೋದಂತೆ. ಜಗತ್ತಿನಲ್ಲಿ ಯಾವುದೇ ವಸ್ತುವನ್ನು ಪರೀಕ್ಷಿಸಲು ಇದಕ್ಕಿಂತ ಪ್ರಾಮಾಣಿಕವಾದ ಮಾರ್ಗ ಇನ್ನೊಂದಿಲ್ಲವೆಂಬುದು ಅವರ ಸಿದ್ಧಾಂತ.

ಅವರಿಗೆ ಒಬ್ಬಳೇ ತಂಗಿ. ಬೆಟ್ಟಗಳ ಆಚೆ, ರೈಲು ಇಳಿದು ಬಸ್ಸು ಹತ್ತಿ, ಆ ಬಸ್ಸೂ ಕೈಕೊಟ್ಟ ಮೇಲೆ ಇನ್ನೊಂದು ಬಸ್ಸು ಹತ್ತಿ ಸೇರಬೇಕಾದ ಊರಿನಲ್ಲಿ ಇದ್ದಳು. ಆಕೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಬೆನ್ನು ನೋಯಿಸಿಕೊಂಡಿದ್ದಳು. ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿರಬೇಕು, ನಿದ್ರೆ ಚೆನ್ನಾಗಿ ಬಂದರೆ ಬೆನ್ನು ತಾನಾಗಿ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ನಿದ್ರೆಯೇ ಬರುತ್ತಿರಲಿಲ್ಲ. ಅಣ್ಣ ಹಿಂದೆ ಕಳಿಸಿದ್ದ ಸ್ಪಂಜಿನ ಹಾಸಿಗೆ ಕೆಸರಿನಂತೆ ಒಳಕ್ಕೆ ಎಳೆದುಕೊಳ್ಳುತ್ತದೆ ಎಂದು ಆಕೆ ಯಾರ ಹತ್ತಿರವೂ ಹೇಳಿರಲಿಲ್ಲ. ಕೊನೆಗೊಂದು ದಿನ ಫೋನು ಮಾಡಿ, "ಅಣ್ಣಾ, ಅಪ್ಪ ಮಾಡ್ತಿದ್ರಲ್ಲ, ಆ ಥರದ್ದೊಂದು ಹತ್ತಿ ಹಾಸಿಗೆ ನೀನೇ ಮಾಡಿಕೊಡ್ತೀಯಾ?" ಎಂದು ಕೇಳಿದಳು.

ಹುಟ್ಟಿದಂದಿನಿಂದ ಅಣ್ಣನನ್ನು ಏನೂ ಕೇಳದವಳು ಕೇಳಿದ ಮೊದಲನೆಯ ವಸ್ತು ಅದು. ರಾಯರು ಫೋನು ಕೆಳಗಿಟ್ಟು, ಕೈಗೆ ಸಿಕ್ಕ ಮಾದರಿ ಬಟ್ಟೆಯಲ್ಲಿ ಮೂಗು ಒರೆಸಿಕೊಂಡರು.

ಮರುದಿನದಿಂದಲೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಒಳ್ಳೆಯ ಅರಳೆ ತರಿಸಿ, ಹಿಂಜಿ, ಪಟ್ಟೆ ಬಟ್ಟೆಯ ಗವಸಿಗೆ ತುಂಬಿ, ತಮ್ಮ ಕೈಯಾರೆ ದಬ್ಬಣ ಹಿಡಿದು ಹೊಲಿದರು. ಹತ್ತಿಯನ್ನು ಎಷ್ಟು ಬಿಗಿಯಾಗಿ ತುಂಬಿದ್ದರೆಂದರೆ, ಗೋಡೆಗೆ ಒರಗಿಸಿದರೆ ಅದು ಕದ ಇಟ್ಟಂತೆ ನಿಲ್ಲುತ್ತಿತ್ತು. ಇಂಥ ಹಾಸಿಗೆಯನ್ನು ಮಡಿಸುವಂತಿಲ್ಲ, ಸುತ್ತುವಂತಿಲ್ಲ. ಮಡಿಸಿದ ಜಾಗದಲ್ಲಿ ಹತ್ತಿ ಒಡೆದು ಗಂಟುಕಟ್ಟಿದರೆ ತಂಗಿಯ ಬೆನ್ನಿಗೆ ಹೊಸ ನೋವು. ಲಾರಿಯವರು ಮಡಿಸಿಯೇ ಮಡಿಸುತ್ತಾರೆ. ಮಾಮೂಲು ವಿಮಾನದವರು ಇಂಥದನ್ನು ಹತ್ತಿಸುವುದೇ ಇಲ್ಲ. ಆದ್ದರಿಂದ ಬಾಡಿಗೆ ವಿಮಾನ. ಪುಣ್ಯಕ್ಕೆ ತಂಗಿಯ ಊರ ಹೊರಗೆ ಚಿಕ್ಕ ವಿಮಾನಗಳು ಇಳಿಯುವಷ್ಟು ರನ್‌ವೇ ಒಂದಿತ್ತು.

ಇದು ಅವರು ಹೆಂಡತಿಗೆ ಹೇಳಿದ ಕಾರಣ. ಹೇಳದೆ ಉಳಿಸಿಕೊಂಡ ಕಾರಣ, ಪಕ್ಕದಲ್ಲಿ ಕಬ್ಬಿಣದ ಬೀರು ಮಾರುವ ಅಂಗಡಿಯವನು. ಆತ ಒಮ್ಮೆ ಎಲ್ಲಿಗೋ ಹೋಗುವಾಗ ವಿಮಾನದ ಮುಂದಿನ ಸಾಲಿನಲ್ಲಿ ಕೂತು ಬಂದಿದ್ದ. ಅಂದಿನಿಂದ ಬೀದಿಯಲ್ಲಿ ಯಾರು ಸಿಕ್ಕರೂ ಮಾತು ಹೇಗೋ ಆ ಸೀಟಿನ ಕಡೆಗೇ ತಿರುಗುತ್ತಿತ್ತು. ಬೆಳಿಗ್ಗೆ ತರಕಾರಿಯ ಬೆಲೆ ಕೇಳಿದರೂ ಆತ ಆಕಾಶದಿಂದ ಶುರುಮಾಡುತ್ತಿದ್ದ.

ವಿಮಾನ ಬಾಡಿಗೆಗೆ ಕೊಡುವ ಕಂಪನಿಯ ಹುಡುಗಿ ಬಹಳ ಮರ್ಯಾದಸ್ಥಳು. ದಂಪತಿಗಳನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ಆ ಊರಿನ ಗಿಡ್ಡ ರನ್‌ವೇಯಲ್ಲಿ ಇಳಿಯಬಲ್ಲ ವಿಮಾನಗಳನ್ನು ಒಂದೊಂದಾಗಿ ತೋರಿಸಿದಳು.

ಮೊದಲನೆಯದು ಪುಟ್ಟ ಜೆಟ್. ಒಳಗೆ ನೆಟ್ಟಗೆ ನಿಲ್ಲುವಂತಿರಲಿಲ್ಲ. ಆರಡಿಯ ರಾಯರು ಎರಡಾಗಿ ಬಾಗಿ ಒಳಹೊಕ್ಕು, ಹಾಗೆಯೇ ಬಾಗಿ ಹೊರಬಂದರು. ಇಷ್ಟು ವಿನಯ ಕಲಿಸುವ ವಿಮಾನ ಸಿಕ್ಕಿದ್ದು ಒಳ್ಳೆಯದೇ, ಇದನ್ನೇ ಗೊತ್ತುಮಾಡಿ ಎಂದು ಹೆಂಡತಿ ಸಲಹೆ ಕೊಟ್ಟರು.

ಎರಡನೆಯದಕ್ಕೆ ಮೂತಿಯ ಮೇಲೆ ಫ್ಯಾನಿನಂಥ ರೆಕ್ಕೆ. ಹಿಂಭಾಗದಲ್ಲಿ ಮೇಲಕ್ಕೆ ಎತ್ತುವ ದೊಡ್ಡ ಬಾಗಿಲು. ಸಾಮಾನು ಹೆಚ್ಚಿದ್ದವರೆಲ್ಲ ಇದನ್ನೇ ಒಪ್ಪುತ್ತಾರೆ, ಗಿಡ್ಡ ರನ್‌ವೇಗಳಿಗೆ ಇದೇ ಒಳ್ಳೆಯದು ಎಂದು ಹುಡುಗಿ ಹೇಳಿದಳು. ಹೆಂಡತಿಗಂತೂ ಅದನ್ನು ಬಿಟ್ಟು ಬರಲು ಮನಸ್ಸೇ ಬರಲಿಲ್ಲ. ಆ ಬಾಗಿಲನ್ನು ತಾವೇ ಒಮ್ಮೆ ಎತ್ತಿಸಿ, ಒಮ್ಮೆ ಇಳಿಸಿ ನೋಡಿದರು.

"ಇದೇ ಸಾಕು ಕಣ್ರೀ. ಮಂಚ ಸಮೇತ ಹೋಗತ್ತೆ."

"ಮುಂದೆ ಫ್ಯಾನು ತಿರುಗ್ತಾ ಇರತ್ತಲ್ಲೇ."

"ತಿರುಗ್ಲಿ ಬಿಡಿ. ನಿಮ್ಮ ತಲೆ ಮೇಲೇನೂ ತಿರುಗಲ್ವಲ್ಲ."

ಫ್ಯಾನಿರುವ ವಿಮಾನದಲ್ಲಿ ಹೋಗಿಬಂದರೆ ಬೀರು ಅಂಗಡಿಯವನು ಅದನ್ನು ವಿಮಾನವೆಂದು ಒಪ್ಪುವನೇ? ಈ ಪ್ರಶ್ನೆಯನ್ನು ರಾಯರು ಬಾಯಿಬಿಟ್ಟು ಕೇಳಲಿಲ್ಲ. ತಂಗಿಯ ಹಾಸಿಗೆ ಅಲುಗಾಡಬಾರದು, ಜೆಟ್ಟೇ ನಯ, ಎಂದಷ್ಟೇ ಹೇಳಿ ಮುಂದೆ ನಡೆದರು.

ಮೂರನೆಯದನ್ನು ಕಂಡು ಅವರ ನಡಿಗೆ ನಿಧಾನವಾಯಿತು. ಅದೂ ಜೆಟ್ಟೇ, ಮೊದಲನೆಯದಕ್ಕಿಂತ ದೊಡ್ಡದು. ಒಳಗೆ ಕೆನೆಬಣ್ಣದ ಚರ್ಮದ ಆಸನಗಳು. ರಾಯರು ಹೆಬ್ಬೆರಳಿನಿಂದ ಒಂದನ್ನು ಒತ್ತಿ, ಕೈ ತೆಗೆದು, ಅದು ಎಷ್ಟು ಬೇಗ ಮೇಲೇಳುತ್ತದೆಂದು ನೋಡಿದರು. ಮೆತ್ತೆಯನ್ನು ಕಿತ್ತು ಮಗುಚಿ, ಹೊಲಿಗೆಯನ್ನು ಪರೀಕ್ಷಿಸಿದರು. ಹುಡುಗಿ ಗುಂಡಿಯೊಂದನ್ನು ಒತ್ತಿದ ಕೂಡಲೇ ಆಸನ ಮೆಲ್ಲಗೆ ಹಿಂದಕ್ಕೆ ಬಾಗಿ, ಎದುರಿನದರೊಡನೆ ಕೂಡಿ ಶಯ್ಯೆಯಾಯಿತು. ಇನ್ನು ತಡೆಯುವವರು ಯಾರು? ಬೂಟು ಬಿಚ್ಚಿ ಮಲಗಿಯೇಬಿಟ್ಟರು.

ಹುಡುಗಿ ಪಕ್ಕದಲ್ಲಿ ನಿಂತು ಎಲ್ಲವನ್ನೂ ವಿವರಿಸುತ್ತಿದ್ದಳು. ವಿಮಾನದ ವೇಗ, ಎತ್ತರ, ಗಾಳಿಯ ಒತ್ತಡ. ಆಮೇಲೆ, ಸಾಮಾನಿನ ಗೂಡಿನ ಬಾಗಿಲು ಬಹಳ ಚಿಕ್ಕದು, ಹತ್ತುವ ಬಾಗಿಲೂ ಅಗಲವಿಲ್ಲ, ಆದ್ದರಿಂದ ತಾವು ಒಯ್ಯುವ ವಸ್ತುವಿನ ಉದ್ದಗಲ ತಿಳಿಸಿದರೆ ಅನುಕೂಲ ಎಂದಳು. ಇನ್ನೊಮ್ಮೆ ಕೇಳಿದಳು. ಅದಕ್ಕೆ ರಾಯರು ಸಣ್ಣಗೆ ಗೊರಕೆ ಹೊಡೆದರು.

ಹೆಂಡತಿ ಅಷ್ಟು ಹೊತ್ತಿಗೆ ಫ್ಯಾನಿನ ವಿಮಾನದ ಬಾಗಿಲಿಗೆ ವಿದಾಯ ಹೇಳಲು ಹೋಗಿದ್ದರಿಂದ ಈ ಮಾತು ಅವರ ಕಿವಿಗೆ ಬೀಳಲಿಲ್ಲ. ರಾಯರು ಎದ್ದು, ಕಣ್ಣುಜ್ಜಿಕೊಂಡು, ಇದೇ ಆಗಬಹುದೆಂದರು. ಹುಡುಗಿ ಸಾಮಾನಿನ ವಿಷಯವನ್ನು ಮತ್ತೆ ಎತ್ತಿದಾಗ, ಹಾಸಿಗೆಯ ವಿಚಾರವನ್ನು ತಮಗೆ ಬಿಡಬೇಕೆಂದು, ಅದರಲ್ಲಿ ತಮ್ಮದು ಎರಡು ತಲೆಮಾರಿನ ಅನುಭವವೆಂದು ಗಂಭೀರವಾಗಿ ತಿಳಿಸಿದರು.

ಹೊರಡುವ ದಿನ ಹಾಸಿಗೆ ಬಿಳಿಯ ಬಟ್ಟೆ ಸುತ್ತಿಕೊಂಡು, ವ್ಯಾನಿನ ನೆತ್ತಿಯ ಮೇಲೆ ಅಂಗಾತ ಮಲಗಿ, ಬೀರು ಅಂಗಡಿಯ ಮುಂದಿನಿಂದಲೇ ವಿಮಾನ ನಿಲ್ದಾಣಕ್ಕೆ ಹೋಯಿತು. (ಆ ದಾರಿ ಸುತ್ತು. ಆದರೆ ರಾಯರ ಪ್ರಕಾರ ಅಲ್ಲಿ ಹಳ್ಳಗಳು ಕಡಿಮೆ.)

ವಿಮಾನದ ಬಳಿ ಹೋಗಿ ನೋಡಿದರೆ, ಸಾಮಾನಿನ ಗೂಡಿಗೆ ಅಡುಗೆಮನೆಯ ಕಪಾಟಿನಷ್ಟು ಬಾಗಿಲು. ಅದನ್ನು ಕಂಡೂ ರಾಯರು ಧೈರ್ಯಗೆಡಲಿಲ್ಲ. ಹತ್ತುವ ಬಾಗಿಲಿನಲ್ಲಿ ಹೋಗುತ್ತದೆಂದರು. ಹಾಸಿಗೆಯನ್ನು ಅಡ್ಡಲಾಗಿ ಹಿಡಿದರು, ಹೋಗಲಿಲ್ಲ. ಓರೆಮಾಡಿ ತಳ್ಳಿದರು, ಅರ್ಧಕ್ಕೆ ಸಿಕ್ಕಿಕೊಂಡಿತು. ಒಳಗಿನಿಂದ ಒಬ್ಬ ಪೈಲಟ್ ಎಳೆದ, ಹೊರಗಿನಿಂದ ಇನ್ನೊಬ್ಬ ನೂಕಿದ. ಕೊನೆಗೆ ಅದನ್ನು ಹೊರಕ್ಕೆ ತೆಗೆಯುವುದೇ ದೊಡ್ಡ ಸಾಹಸವಾಯಿತು. ಎಂದೂ ಯಾರ ಮನೆಗೂ ಬಾಗಿಲನ್ನು ಅಳೆಯದೆ ಮಂಚ ಕಳಿಸದ ಮನುಷ್ಯ, ಆಕಾಶಕ್ಕೆ ಹೊರಟಾಗ ಬಾಗಿಲನ್ನು ಅಳೆದಿರಲಿಲ್ಲ.

ಹೆಂಡತಿ ಪೆಟ್ಟಿಗೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ರಾಯರಿಗೆ ಅದೇ ಹೆಚ್ಚು ತಾಪತ್ರಯವಾಯಿತು. "ಏನಾದ್ರೂ ಅಂದ್ಬಿಡೇ," ಎಂದು ಅವರೇ ಬೇಡಿಕೊಂಡರು.

"ನಾನೇನು ಅನ್ಲಿ? ಆ ಫ್ಯಾನಿನ ವಿಮಾನ ಬೇರೆಯವರಿಗೆ ಹೋಯ್ತಂತೆ. ಕೇಳ್ಕೊಂಡು ಬಂದೆ."

ಪೈಲಟ್ ಬೆವರೊರೆಸಿಕೊಂಡು, ಹಾಸಿಗೆಯನ್ನು ನಡುವೆ ಮಡಿಸಿದರೆ ಹೋದೀತು ಎಂದ. ರಾಯರು ಅವನ ಕಡೆ ನೋಡಿದ ನೋಟ ಎಂಥದೆಂದರೆ, ತಂಗಿಯನ್ನೇ ಮಡಿಸಿ ತರಲು ಹೇಳಿದನೇನೋ ಎನ್ನಬೇಕು. ಹಾಸಿಗೆಯನ್ನೊಮ್ಮೆ ಕೈಯಿಂದ ಸವರಿದರು. ಆಮೇಲೆ ಹೆಂಡತಿಯ ಹತ್ತಿರ ಕತ್ತರಿ ಇಸಿದುಕೊಂಡು, ತಾವೇ ಹಾಕಿದ ಅಂಚಿನ ಹೊಲಿಗೆಯನ್ನು ತಾವೇ ಬಿಚ್ಚತೊಡಗಿದರು. ಮಡಿಸಿದರೆ ಹಾಸಿಗೆ ಕೆಟ್ಟೀತು, ಬಿಚ್ಚಿದರೆ ಮತ್ತೆ ಹೊಲಿಯಬಹುದು.

ಹತ್ತಿಯನ್ನು ತುಂಬಲು ಚೀಲಗಳೆಲ್ಲಿ? ಪೆಟ್ಟಿಗೆಗಳಲ್ಲಿದ್ದ ಬಟ್ಟೆಗಳು ವ್ಯಾನಿನಲ್ಲಿ ಮನೆಗೆ ಮರಳಿದವು. ಬೀರು ಅಂಗಡಿಯವನಿಗೆ ತೋರಿಸಿ ತಂದಿದ್ದ ಹೊಸ ಕೋಟೂ ಹೋಯಿತು. ಪೆಟ್ಟಿಗೆಗಳು ತುಂಬಿದವು, ತಂಗಿಗೆಂದು ತಂದಿದ್ದ ದಿಂಬಿನ ಗವಸುಗಳು ತುಂಬಿದವು, ಸುತ್ತಿ ತಂದಿದ್ದ ಬಿಳಿಯ ಬಟ್ಟೆಯೂ ಗಂಟಾಯಿತು. ಹಾಸಿಗೆಯಾಗಿದ್ದಾಗ ಅಡಕವಾಗಿದ್ದ ಹತ್ತಿ, ಬಿಡುಗಡೆಯಾದ ಸಂತೋಷಕ್ಕೆ ಉಬ್ಬಿ, ಆ ಕೆನೆಬಣ್ಣದ ಸಿಂಹಾಸನಗಳನ್ನೆಲ್ಲ ಆಕ್ರಮಿಸಿತು. ಸಡಿಲವಾದ ಯಾವ ವಸ್ತುವೂ ಇರಕೂಡದೆಂದು ಪೈಲಟ್ ಪ್ರತಿಯೊಂದು ಗಂಟಿಗೂ ಬೆಲ್ಟು ಬಿಗಿದ. ಉಳಿದ ಒಂದು ಆಸನದಲ್ಲಿ ಹೆಂಡತಿ ಕೂತರು. ರಾಯರಿಗೆ ಸಿಕ್ಕಿದ್ದು ಹಿಂಬದಿಯಲ್ಲಿ, ಪರದೆಯ ಆಚೆಗಿದ್ದ ಆಸನ. ಅದರ ಮೆತ್ತೆಯನ್ನು ಎತ್ತಿದರೆ ಅದೇ ಕಕ್ಕಸು. ಬೆಲ್ಟು ಮಾತ್ರ ಅದಕ್ಕೂ ಇತ್ತು.

ಹೀಗೆ ಹಾಸಿಗೆರಾಯರು ಬೆಟ್ಟಗಳನ್ನು ದಾಟಿದರು. ಪರದೆಯ ಈಚೆಯಿಂದ ಹೆಂಡತಿ ಆಗಾಗ, ಮೋಡ ಬಂತು, ನದಿ ಬಂತು, ಎಂದು ತಿಳಿಸುತ್ತಿದ್ದರು.

ತಂಗಿ ಮಂಚದ ಮೇಲೆ ಕೃಶಳಾಗಿ ಮಲಗಿದ್ದಳು. ಕಣ್ಣ ಸುತ್ತ ನಿದ್ರೆಗೆಟ್ಟ ಕಪ್ಪು. ಹುಬ್ಬಿನಲ್ಲಿ, ಮೀಸೆಯಲ್ಲಿ, ಕಿವಿಯಲ್ಲಿ ಹತ್ತಿ ಅಂಟಿಸಿಕೊಂಡು ಬಾಗಿಲಲ್ಲಿ ನಿಂತ ಅಣ್ಣನನ್ನು ಕಂಡು ಆಕೆಗೆ ನಗು ಉಕ್ಕಿತು. ನಕ್ಕರೆ ಬೆನ್ನು ನೋಯುತ್ತದೆ, ನನ್ನನ್ನು ನಗಿಸಬೇಡಿ ಎಂದು ಬೇಡುತ್ತಲೇ ನಕ್ಕಳು. ರಾಯರು ಕೈಕಾಲು ತೊಳೆದವರೇ ನೆಲದ ಮೇಲೆ ಕೂತು ಹತ್ತಿ ತುಂಬತೊಡಗಿದರು. ಆಕೆ ಮಲಗಿದಲ್ಲಿಂದಲೇ ಕಣ್ಗಾವಲು.

"ಅಣ್ಣಾ, ಆ ಮೂಲೆ ಪೊಳ್ಳಾಗಿದೆ. ಅಪ್ಪ ನೋಡಿದ್ರೆ ಬಿಚ್ಚಿಸಿಬಿಡ್ತಿದ್ರು."

"ಈಗ್ತಾನೇ ಬಿಚ್ಚಿದೀನಿ ಕಣಮ್ಮ," ಎಂದರು ರಾಯರು ದೈನ್ಯದಿಂದ.

ಆ ಮೂಲೆಯನ್ನು ಮತ್ತೆ ಬಿಚ್ಚಿ ಗಟ್ಟಿಯಾಗಿ ತುಂಬಿದರು. ಮರುದಿನ ಸಂಜೆಗೆ ಹಾಸಿಗೆ ಸಿದ್ಧವಾಯಿತು. ಅದನ್ನು ಮಂಚಕ್ಕೆ ಏರಿಸಲು ಹೆಂಡತಿ ಕೈಜೋಡಿಸಲು ಬಂದರೆ ರಾಯರು ಒಪ್ಪಲಿಲ್ಲ. ತಾವೊಬ್ಬರೇ ಎತ್ತಿ ಹಾಕಿದರು. ಆಗ ಸೊಂಟದಲ್ಲಿ ಏನೋ ಚಳಕ್ಕೆಂದಿತು. ಆದರೆ ತಂಗಿ ಅದರ ಮೇಲೆ ಬೆನ್ನು ಚಾಚಿ, ಏನೋ ಹೇಳಹೊರಟು, ಮಾತು ಮುಗಿಯುವ ಮೊದಲೇ ನಿದ್ರೆಹೋದದ್ದನ್ನು ನೋಡುತ್ತ ನಿಂತವರಿಗೆ ಸೊಂಟದ ನೆನಪಾಗಲಿಲ್ಲ.

ಬೆಳಿಗ್ಗೆ ಆಯಿತು. ಅಷ್ಟು ದಿನಗಳ ನಿದ್ರೆಯನ್ನೆಲ್ಲ ಒಂದೇ ಸಲ ಮುಗಿಸಿ ತಂಗಿ ಎದ್ದು ಕೂತಳು. ನೆಲದ ಮೇಲೆ ಮಲಗಿದ್ದ ರಾಯರು ಏಳಲಿಲ್ಲ. ಏಳಲು ಆಗಲಿಲ್ಲ.

ತಂಗಿಯನ್ನು ನೋಡಲು ಬಂದ ಡಾಕ್ಟರು ಇಬ್ಬರನ್ನೂ ನೋಡಬೇಕಾಯಿತು. ತಂಗಿಗೆ, ಇನ್ನು ಕೋಲು ಹಿಡಿದು ಸ್ವಲ್ಪ ಸ್ವಲ್ಪ ನಡೆಯಬಹುದೆಂದರು. ರಾಯರ ಸೊಂಟವನ್ನು ಒತ್ತಿ ನೋಡಿ, ಅವರು ಕೂಗಿದ ಮೇಲೆ, ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿರಬೇಕು, ಪ್ರಯಾಣದ ಮಾತೇ ಎತ್ತಕೂಡದು ಎಂದರು. ಆಮೇಲೆ ಮಂಚದ ಕಡೆ ಕಣ್ಣು ಹಾಯಿಸಿ, ಹೆಬ್ಬೆರಳಿನಿಂದ ಒತ್ತಿ, "ಭೇಷ್, ಇಂಥದೇ ಬೇಕು. ಯಾರು ಮಾಡಿದ್ದು ಇದು?" ಎಂದು ಕೇಳಿದರು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ಹಗಲು ಹೊತ್ತು ಅಣ್ಣನಿಗೆ, ರಾತ್ರಿ ಅರ್ಧರ್ಧ ಎಂದು ಒಡಹುಟ್ಟಿದವರೊಳಗೆ ಒಪ್ಪಂದವಾಯಿತು. ಬಾಡಿಗೆ ವಿಮಾನ ಇನ್ನೂ ಕಾಯುವಂತಿರಲಿಲ್ಲ, ಅಂಗಡಿಯನ್ನು ಮುಚ್ಚಿಡುವಂತೆಯೂ ಇರಲಿಲ್ಲ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೆಂಡತಿ ಒಬ್ಬರೇ ಹೊರಟರು. ಹೋಗುವ ಮುಂಚೆ ಗಂಡನ ಹಣೆಯ ಮೇಲಿಂದ ಹತ್ತಿಯ ಎಳೆಯೊಂದನ್ನು ತೆಗೆದು, "ಆರಾಮಾಗಿ ಬನ್ನಿ. ಬರುವಾಗ ಬಸ್ಸಿಗೇ ಬನ್ನಿ," ಎಂದರು.

ಮಧ್ಯಾಹ್ನ ಜೆಟ್ಟಿನ ಸದ್ದು ಕೇಳಿಸಿತು. ಬೀದಿಯವರೆಲ್ಲ ಹೊರಗೆ ಬಂದರು. ತಂಗಿ ಕೋಲು ಊರಿಕೊಂಡು ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಗೇಟಿನವರೆಗೆ ನಡೆದೇಬಿಟ್ಟಳು. ಆ ಹೆಜ್ಜೆಗಳನ್ನು ಕೇಳುತ್ತ ರಾಯರು ಸೂರು ನೋಡಿಕೊಂಡು ಮಲಗಿದ್ದರು. ಒಂದು ಸಲ ಕೆಮ್ಮಿ, ಒಳಗಿನಿಂದಲೇ ಕೂಗಿ ಕೇಳಿದರು.

"ಹೇಗೆ ಕಾಣ್ತಾ ಇದೆಯಮ್ಮಾ?"

"ಬೆಳ್ಳಗೆ ಹೊಳೀತಾ ಇದೆ ಅಣ್ಣಾ. ನಮ್ಮನೆ ಮೇಲೇ ಬರ್ತಾ ಇದೆ."

"ನಿಮ್ಮತ್ತಿಗೆ ಕಾಣ್ತಾಳಾ?"

ತಂಗಿ ಕಣ್ಣಿಗೆ ಕೈ ಅಡ್ಡ ಹಿಡಿದು, ವಿಮಾನ ಬೆಟ್ಟದ ಮೇಲೆ ಚುಕ್ಕೆಯಾಗುವ ತನಕ ನೋಡಿರಬೇಕು. ಉತ್ತರ ತಡವಾಗಿ ಬಂತು.

"ಕಿಟಕೀಲಿ ಯಾರೂ ಇರ್ಲಿಲ್ಲ ಅಣ್ಣಾ. ಮಲಗಿಬಿಟ್ಟಿರ್ಬೇಕು."