ವೆಂಕಟಸ್ವಾಮಿಯ ಕರುಳು ಮತ್ತು ಕಚೇರಿಯ ಕಷಾಯ

ಲೋಕದ ದೊಡ್ಡ ದೊಡ್ಡ ಒಪ್ಪಂದಗಳು ಕಾಗದದ ಮೇಲೆ ಸಹಿಯಾಗಿ, ಫೋಟೊ ತೆಗೆಸಿಕೊಂಡು, ಆಮೇಲೆ ಮುರಿದು ಬೀಳುತ್ತವೆ. ಬಸವೇಶ್ವರನಗರದ ಒಂದು ಗೃಹ ನಿರ್ಮಾಣ ಸಹಕಾರ ಸಂಘದ ಕಚೇರಿಯಲ್ಲಿ ಮಾತ್ರ ಯಾರೂ ಸಹಿ ಹಾಕದ ಒಪ್ಪಂದವೊಂದು ಎರಡು ವರ್ಷ ಚಾಚೂ ತಪ್ಪದೆ ನಡೆದುಕೊಂಡು ಬಂದಿತ್ತು. ಅದು ಮುರಿದು ಬಿದ್ದ ದಿನದ ಚರಿತ್ರೆಯನ್ನು ಯಾರಾದರೂ ಬರೆದಿಡಲೇಬೇಕು.

ಒಪ್ಪಂದ ಇಷ್ಟೇ: ಕಚೇರಿಗೆ ಇರುವುದು ಒಂದೇ ಶೌಚಾಲಯ. ವೆಂಕಟಸ್ವಾಮಿ ಕುರ್ಚಿ ಬಿಟ್ಟು ಎದ್ದರೆ ಮಿಕ್ಕವರೆಲ್ಲ ದಾರಿ ಬಿಡಬೇಕು.

ವೆಂಕಟಸ್ವಾಮಿಗೆ ದೊಡ್ಡ ಕರುಳಿನ ಉರಿಯೂತ. ಪೂರ್ತಿ ಹೋಗುವ ಕಾಯಿಲೆಯಲ್ಲ, ಹೊಂದಿಕೊಂಡು ಹೋಗಬೇಕು ಎಂದು ಡಾಕ್ಟರು ಮಾತ್ರೆ ಬರೆದು, ಕೆರಳಿದ ದಿನಗಳಲ್ಲಿ ಖಾರ, ಕಾಳು, ನಾರು ಯಾವುದೂ ಬೇಡ ಎಂದಿದ್ದರು. ಕರುಳಿನ ಜೊತೆ ಅವನು ಹೇಗೋ ಹೊಂದಿಕೊಂಡಿದ್ದ. ಹೊಂದಿಕೊಳ್ಳಲು ಆಗದೆ ಇದ್ದದ್ದು ಸಹೋದ್ಯೋಗಿಗಳ ಜೊತೆ.

ಅವನು ಎದ್ದರೆ ಸಾಕು, ಶೌಚಾಲಯದ ಚಿಲಕದ ಮೇಲೆ ಕೈ ಇಟ್ಟಿದ್ದ ಕಾರ್ಯದರ್ಶಿ ಲಕ್ಷ್ಮೀಪತಿಯವರೂ ಆಂಬುಲೆನ್ಸಿಗೆ ದಾರಿ ಬಿಡುವ ಬಸ್ಸಿನ ಹಾಗೆ ಒಂದು ಮಗ್ಗುಲಿಗೆ ಸರಿದು ನಿಲ್ಲುತ್ತಿದ್ದರು. ಆದರೆ ಇದು ಪುಕ್ಕಟೆಯ ಸೌಜನ್ಯವಲ್ಲ. ಒಳಗೆ ಹೋಗುವಾಗ ದಾರಿ ಬಿಟ್ಟವರು ಅವನು ಹೊರಗೆ ಬರುವಾಗ ಮದ್ದು ಹೇಳುತ್ತಿದ್ದರು. ಬಿಲ್ವದ ಕಾಯಿ, ಬಾಳೆದಿಂಡಿನ ರಸ, ದಾಳಿಂಬೆ ಸಿಪ್ಪೆ, ಎಮ್ಮೆ ಮಜ್ಜಿಗೆ ಬೇಡ ಹಸುವಿನ ಮಜ್ಜಿಗೆ ಇರಲಿ, ಹಸುವಿನದು ಬೇಡವೇ ಬೇಡ ಮೇಕೆ ಹಾಲಿರಲಿ. ಸೈಟು ಕೇಳಲು ಬಂದ ಸದಸ್ಯರೂ ಸೈಟಿನ ಮಾತು ಬಿಟ್ಟು ಅವನ ಕರುಳಿನ ಮಾತಾಡಿ ಹೋಗುತ್ತಿದ್ದರು. ತನ್ನ ದೇಹದೊಳಗಿನ ಒಂದು ಖಾಸಗಿ ಅಂಗ ಊರಿನ ಅರಳಿಕಟ್ಟೆಯಾಗಿ ಹೋಯಿತಲ್ಲ ಎಂದು ವೆಂಕಟಸ್ವಾಮಿ ಹಲ್ಲು ಕಚ್ಚುತ್ತಿದ್ದ. ಹಲ್ಲು ಕಚ್ಚಿದರೆ, "ನೋಡಿ, ಟೆನ್ಷನ್ನು! ಅದೇ ಮೂಲ" ಎನ್ನುತ್ತಿದ್ದರು.

ಆ ಸೋಮವಾರ ಬೆಳಗ್ಗೆ ಅವನು ಶೌಚಾಲಯದಿಂದ ಹೊರಗೆ ಬಂದಾಗ ಕ್ಯಾಷಿಯರ್ ಗುರುದೇವಿ ಅವನ ಮೇಜಿನ ಮುಂದೆ ಕೂತು, ಅವನ ಊಟದ ಡಬ್ಬಿ ತೆಗೆದು, ಚಮಚದಿಂದ ಏನನ್ನೋ ಕಲಸುತ್ತಿದ್ದಳು.

"ಏನ್ರೀ ಅದು?"

"ಅಗಸೆ ಬೀಜ ಸಾರ್. ಹುರಿದು ಪುಡಿ ಮಾಡಿದೀನಿ. ಅಲ್ಲ, ಬರೀ ಮೊಸರನ್ನ ತಿಂತಾ ಇದೀರಲ್ಲ, ಅದ್ರಲ್ಲಿ ನಾರು ಎಲ್ಲಿದೆ?"

"ನಾರು ಬೇಡ ಅಂತಲೇ ಕಣ್ರೀ ಡಾಕ್ಟ್ರು ಹೇಳಿರೋದು!"

"ಡಾಕ್ಟ್ರು ಹೇಳ್ತಾರೆ. ಹೇಳ್ದೆ ಇದ್ರೆ ಅವರ ಕ್ಲಿನಿಕ್ ಹೆಂಗ್ ನಡೀಬೇಕು? ನಂದಿನಿ ಲೇಔಟಲ್ಲಿ ನಮ್ ಭಾವನ ಕಡೆಯವರೊಬ್ರು ಇದನ್ನೇ ತಿಂದು ಈಗ ಬೆಟ್ಟ ಹತ್ತಾ ಇದಾರೆ."

ಬಿಳಿಯ ಮೊಸರನ್ನ ಈಗ ಡಾಂಬರು ಕಿತ್ತ ರಸ್ತೆಯ ಬಣ್ಣಕ್ಕೆ ಬಂದಿತ್ತು. ಮಧ್ಯಾಹ್ನಕ್ಕೆ ಅವನಿಗೆ ಇದ್ದ ಅನ್ನವೇ ಅಷ್ಟು. ವೆಂಕಟಸ್ವಾಮಿಯ ಕಿವಿ ಬಿಸಿಯಾಯಿತು.

ಟೀ ತಂದ ದಾನಮ್ಮ ಅವನಿಗೆ ಲೋಟ ಕೊಡದೆ ಕೇಳಿದಳು: "ನಾನ್ ಕೊಟ್ಟಿದ್ ದಾಳಿಂಬೆ ಸಿಪ್ಪೆ ಕುಡುದ್ರಾ ಸಾರ್? ಕುಡ್ದಿದ್ರೆ ಇಷ್ಟೊತ್ತಿಗೆ ಕಟ್ಕೊಬೇಕಿತ್ತು."

ಗಾಜಿನ ಕೋಣೆಯಿಂದ ಲಕ್ಷ್ಮೀಪತಿ ತಲೆ ಹೊರಗೆ ಹಾಕಿದರು. "ಎಲ್ಲಕ್ಕಿಂತ ಮೊದ್ಲು ಆ ಸಿಟ್ಟು ಬಿಡ್ಬೇಕು ವೆಂಕಟಸ್ವಾಮಿ. ಕರುಳಿಗೆ ಉರಿ ಹತ್ತೋದೇ ಸಿಟ್ಟಿಂದ."

"ನನಗೆ ಸಿಟ್ಟಿಲ್ಲ ಸಾರ್!" ಎಂದು ವೆಂಕಟಸ್ವಾಮಿ ಮೇಜು ಗುದ್ದಿದ. ಸಂಘದ ಮೊಹರು ಎಗರಿ ನೆಲಕ್ಕೆ ಬಿತ್ತು.

"ಅಯ್ಯಯ್ಯೋ, ಬಿಪಿನೂ ಇದೆ" ಎಂದಳು ಗುರುದೇವಿ ಮರುಕದಿಂದ. "ಅದಕ್ಕೆ ನುಗ್ಗೆಸೊಪ್ಪು ಒಳ್ಳೇದು."

ಆಗ ಅವನ ಬಾಯಿಂದ ಆ ಮಾತು ಬಂತು.

"ನನಗೆ ವಾಸಿಯಾಗೋಯ್ತು! ಗೊತ್ತಾಯ್ತಾ? ಪೂರ್ತಿ ವಾಸಿ! ಇನ್ನು ಯಾರೂ ನನಗೆ ಒಂದು ಸೊಪ್ಪಿನ ಹೆಸರೂ ಹೇಳ್ಬೇಡಿ!"

ಗುರುದೇವಿ ಅನುಮಾನದಿಂದ ಶೌಚಾಲಯದ ಬಾಗಿಲ ಕಡೆ ನೋಡಿದಳು.

"ಮತ್ತೆ ಈಗ ಹೋಗಿದ್ದು?"

"ಮುಖ ತೊಳಿಯೋಕೆ."

"ಯಾವ ಮದ್ದು ಸಾರ್?" ಎಂದಳು ದಾನಮ್ಮ.

ಮದ್ದು! ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಮದ್ದಿಲ್ಲದೆ ವಾಸಿಯಾಯಿತು ಎಂದರೆ ಈ ಜನ ನಂಬುವುದಿಲ್ಲ. ಡಾಕ್ಟರ ಮಾತ್ರೆಯಿಂದ ಎಂದರೆ ಇನ್ನೂ ನಂಬುವುದಿಲ್ಲ. ತಡಕಾಡಿದ ನಾಲಿಗೆಗೆ ಬಾಲ್ಯದ ಮೂರು ಹೆಸರು ಸಿಕ್ಕವು.

"ಸೋನಾಮುಖಿ, ಅಳಲೆಕಾಯಿ, ಕಕ್ಕೆತಿರುಳು. ಮೂರನ್ನೂ ಹಾಕಿ ಚೆನ್ನಾಗಿ ಕುದಿಸಿ, ಬೆಲ್ಲ ಹಾಕಿ ಕುಡಿಯೋದು. ನಮ್ಮಜ್ಜಿ ಕಷಾಯ."

ಇದರಲ್ಲಿ ಅಜ್ಜಿಯ ಭಾಗ ನಿಜ. ವರ್ಷಕ್ಕೊಂದು ಬೆಳಗ್ಗೆ ಅಜ್ಜಿ ಮನೆಯ ಮಕ್ಕಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಕೂರಿಸಿ, ಮೂಗು ಹಿಡಿದು, ಇದನ್ನೇ ಕುಡಿಸುತ್ತಿದ್ದಳು. ಅದರ ಕಹಿ ಅವನಿಗೆ ನೆನಪಿತ್ತು. ಅವತ್ತು ಸ್ಕೂಲಿಗೆ ರಜ ಎನ್ನುವುದೂ ನೆನಪಿತ್ತು. ರಜ ಯಾಕೆ ಎನ್ನುವುದು ಮಾತ್ರ ಮರೆತು ಹೋಗಿತ್ತು. ಅಜ್ಜಿಗೆ ಮೊಮ್ಮಕ್ಕಳ ಮೇಲೆ ಇದ್ದ ಪ್ರೀತಿಯೇ ಕಾರಣವಿರಬೇಕು ಎಂದುಕೊಂಡ.

ಎಲ್ಲರ ಮುಖದಲ್ಲೂ ಭಕ್ತಿ ಮೂಡಿತು. ಎರಡು ವರ್ಷದಲ್ಲಿ ಮೊದಲ ಸಲ ಎಲ್ಲರೂ ಬಾಯಿ ಮುಚ್ಚಿದ್ದರು. ವೆಂಕಟಸ್ವಾಮಿಗೆ ಹಿಮಾಲಯದ ತುದಿಯಲ್ಲಿ ನಿಂತ ಹಾಗೆ ತಂಪಾಯಿತು. ಆ ತಂಪು ಲಕ್ಷ್ಮೀಪತಿಯವರು ಬಾಯಿ ತೆರೆಯುವವರೆಗೆ ಇತ್ತು.

"ಹಾಗಾದ್ರೆ ಹೇರೋಹಳ್ಳಿಗೆ ಹೋಗ್ಬನ್ನಿ!"

"ಯಾ... ಯಾಕೆ ಸಾರ್?"

"ಪಟಾಲಮ್ಮನವರ ಸೈಟು. ಪಕ್ಕದವನು ಕಾಂಪೌಂಡು ಒಳಗೆ ತಂದಿದಾನೆ ಅಂತ ವರ್ಷದಿಂದ ಅರ್ಜಿ ಹಾಕ್ತಾನೇ ಇದಾರೆ. ನಿಮ್ ಹೊಟ್ಟೆ ನೋಡ್ಕೊಂಡು ನಾನೇ ಸುಮ್ನಿದ್ದೆ. ಈಗೇನ್ ತೊಂದ್ರೆ? ಹನುಮೇಶ ಬೈಕಲ್ಲಿ ಕರ್ಕೊಂಡು ಹೋಗ್ತಾನೆ."

ಹೇರೋಹಳ್ಳಿಯ ಆ ಬಡಾವಣೆಯಲ್ಲಿ ಹೋಟೆಲಿಲ್ಲ, ಮರವಿಲ್ಲ, ಮರೆಯಿಲ್ಲ. ಅದಕ್ಕಾಗಿಯೇ ಅವನು ವರ್ಷದಿಂದ ತಪ್ಪಿಸಿಕೊಂಡಿದ್ದ. ಆದರೆ ವಾಸಿಯಾದ ಮನುಷ್ಯನಿಗೆ ನೆಪ ಎಲ್ಲಿಂದ ಬರಬೇಕು?

ಹನುಮೇಶ ಸಂಘದ ಸರ್ವೇಯರು, ಬಾಗಲಕೋಟೆ ಕಡೆಯವನು. ಅವನ ಬೈಕಿಗೆ ಹಿಂದಿನ ಶಾಕ್ ಅಬ್ಸಾರ್ಬರ್ ಹೆಸರಿಗೆ ಮಾತ್ರ ಇತ್ತು. ಸುಂಕದಕಟ್ಟೆ ದಾಟಿದ ಮೇಲೆ ರಸ್ತೆ ಎನ್ನುವುದೂ ಹೆಸರಿಗೆ ಮಾತ್ರ ಉಳಿಯಿತು. ಪ್ರತಿ ಗುಂಡಿಗೂ ವೆಂಕಟಸ್ವಾಮಿಯ ಕರುಳು ಒಂದೊಂದು ಅಹವಾಲು ಸಲ್ಲಿಸಿತು.

"ನಿಧಾನ ಕಣಯ್ಯಾ!"

"ಇದಕ್ಕಿಂತ ನಿಧಾನ ಹೋದ್ರ ಬೈಕ್ ಬೀಳ್ತದ್ರಿ ಸರ. ಆದ್ರೂ ನಿಮ್ಮ ಅಜ್ಜಿ ಭಾರೀ ಇದ್ರ ಬಿಡ್ರಿ! ನಮ್ಮವ್ವಗೂ ಗ್ಯಾಸ್ಟ್ರಿಕ್ ಐತಿ. ಆ ಮೂರೂ ಹೆಸರು ಮತ್ತೊಮ್ಮೆ ಹೇಳ್ರಲ್ಲ."

"ರಸ್ತೆ ನೋಡು!"

"ರಸ್ತೆ ಇದ್ರ ನೋಡಬಹುದಿತ್ರಿ."

ಸೈಟು ತಲುಪುವ ಹೊತ್ತಿಗೆ ಅಹವಾಲು ಅಂತಿಮ ಎಚ್ಚರಿಕೆಯಾಗಿತ್ತು. ಅಲ್ಲಿ ಪಟಾಲಮ್ಮನ ಹೊಸ ಮನೆ ಗುಲಾಬಿ ಬಣ್ಣ ಬಳಿದುಕೊಂಡು ಮದುವಣಗಿತ್ತಿಯ ಹಾಗೆ ನಿಂತಿತ್ತು. ಪಟಾಲಮ್ಮ ಬಾಗಿಲಲ್ಲೇ ಇದ್ದರು. ವೆಂಕಟಸ್ವಾಮಿ ಕಾಂಪೌಂಡಿನ ಕಡೆ ಕಣ್ಣೂ ಹಾಯಿಸದೆ ನೇರ ಅವರ ಹತ್ತಿರ ಹೋದ.

"ಆಂಟಿ, ಸ್ವಲ್ಪ ಬಾತ್‌ರೂಮು..."

"ಇದೆಯಪ್ಪ, ಮೂರಿದೆ. ಒಂದು ಫಾರಿನ್ ಸ್ಟೈಲು. ನೋಡ್ಬೇಕಾ?"

"ನೋಡೋಕಲ್ಲ ಆಂಟಿ!"

ಪಟಾಲಮ್ಮನವರ ಮುಖದ ನಗು ಮಾಯವಾಯಿತು. ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು. "ಅಯ್ಯೋ ಶಿವನೇ! ಶುಕ್ರವಾರ ಗೃಹಪ್ರವೇಶ ಇಟ್ಕೊಂಡಿದೀವಿ. ಹಾಲು ಉಕ್ಕೋ ಮುಂಚೆ ಈ ಮನೇಲಿ ನಾವೇ ಒಂದು ಲೋಟ ನೀರು ಕುಡ್ದಿಲ್ಲ. ಮೊದ್ಲು ಗಣಪತಿ ಒಳಗೆ ಬರ್ಬೇಕು, ಆಮೇಲೆ ಹಸು ಬರ್ಬೇಕು, ನೀವು ಬಂದ್ಬಿಟ್ಟು..."

"ಆಂಟಿ, ಕೈ ಮುಗೀತೀನಿ!"

"ಕೈ ಮುಗಿದ್ರೆ? ಶುಕ್ರವಾರ ಬಾರಪ್ಪ, ಬೆಳಗ್ಗೆ ಆರೂವರೆಗೆ ಮುಹೂರ್ತ. ಊಟನೂ ಮಾಡ್ಕೊಂಡು, ಎಲ್ಲಾನೂ ಮಾಡ್ಕೊಂಡು ಹೋಗು."

ವೆಂಕಟಸ್ವಾಮಿಯ ಸಿಟ್ಟು ಈಗ ಒಬ್ಬಿಬ್ಬರ ಮೇಲೆ ಇರಲಿಲ್ಲ. ರಸ್ತೆ ಮಾಡಿದವರು, ಮಾಡದವರು, ಹಾಲು ಉಕ್ಕಿಸುವವರು, ಅಗಸೆ ಬೆಳೆಯುವವರು, ಭಾವನ ಕಡೆಯವರಾಗಿ ಬೆಟ್ಟ ಹತ್ತುವವರು, ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ಬಂತು. ಅಷ್ಟರಲ್ಲಿ ಪಟಾಲಮ್ಮ ಅವನ ಮುಖವನ್ನೇ ನೋಡಿ, "ಹೊಟ್ಟೆ ಸರಿ ಇಲ್ವಾ? ಒಂದು ಚಿಟಿಕೆ ಇಂಗು ಹೊಕ್ಕುಳಿಗೆ ಹಚ್ಚಿ" ಎಂದರು.

ಅವನು ಏನು ಉತ್ತರ ಕೊಟ್ಟ ಎನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಪಟಾಲಮ್ಮ ಸಂಘದ ಅಧ್ಯಕ್ಷರಿಗೆ ಫೋನು ಮಾಡಿ ಅದನ್ನು ಪದಶಃ ಒಪ್ಪಿಸಿದರು ಎಂದಷ್ಟೇ ಹೇಳಬಹುದು.

ಹನುಮೇಶ ಕಾಂಪೌಂಡಿಗೆ ಟೇಪು ಹಿಡಿದು ಮುಗಿಸುವಷ್ಟರಲ್ಲಿ ವೆಂಕಟಸ್ವಾಮಿ ದೂರದ ಒಂದು ಕಲ್ಲಿನ ಮೇಲೆ ಧ್ಯಾನಸ್ಥನಾಗಿ ಕೂತಿದ್ದ. ಕದಲಿದರೆ ಏನಾಗುತ್ತದೋ ಎಂಬ ಧ್ಯಾನ ಅದು. ವಾಪಸು ಬರುವಾಗ ಮಾಗಡಿ ರಸ್ತೆಯ ಪೆಟ್ರೋಲ್ ಬಂಕೊಂದರಲ್ಲಿ ಬೈಕು ನಿಲ್ಲಿಸಲು ಹೇಳಿ ಓಡಿದ. ಶೌಚಾಲಯಕ್ಕೆ ಬೀಗ. ಬೀಗದ ಕೈ ಮ್ಯಾನೇಜರ ಹತ್ತಿರ. ಮ್ಯಾನೇಜರು ಮಹಾಲಕ್ಷ್ಮಿ ಲೇಔಟಿನಲ್ಲಿ, ಮಗಳ ಸ್ಕೂಲ್ ಡೇಯಲ್ಲಿ.

"ಸರ, ನಿಮಗ ಆರಾಮ ಆಗೇತಿ ಅಂದಿದ್ರಲ್ರಿ?" ಎಂದ ಹನುಮೇಶ, ಕನ್ನಡಿಯಲ್ಲಿ ಅವನ ಮುಖ ನೋಡಿ.

"ಆಗಿಲ್ಲ ಕಣೋ! ಸುಳ್ಳು ಹೇಳ್ದೆ! ಆಫೀಸಿಗೆ ಬಿಡು ಬೇಗ. ಹೋಗಿ ಎಲ್ಲರ ಮುಂದೆ ಒಪ್ಕೋತೀನಿ. ಅಗಸೆ ಬೀಜ ಆದ್ರೂ ತಿಂತೀನಿ, ದಾಳಿಂಬೆ ಸಿಪ್ಪೆ ಆದ್ರೂ ಅಗೀತೀನಿ. ನನಗೆ ಆ ಬಾಗಿಲೊಂದು ತೆಗೆದಿದ್ರೆ ಸಾಕು!"

ಈ ಮಾತನ್ನು ಅವನು ಮನಸಾರೆ ಹೇಳಿದ. ಎರಡು ವರ್ಷ ಕೇಳಿದ ಮದ್ದುಗಳೆಲ್ಲ ಆ ಬಾಗಿಲಿಗೆ ತಾನು ತೆತ್ತ ಸುಂಕ ಎಂದು, ಆ ಸುಂಕ ಎಷ್ಟು ಕಡಿಮೆಯಿತ್ತು ಎಂದು ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ ಅವನಿಗೆ ಜ್ಞಾನೋದಯವಾಯಿತು. ಸಿಗ್ನಲ್ಲು ಮಾತ್ರ ಹಸಿರಾಗಲಿಲ್ಲ.

ಕಚೇರಿಯ ಮೆಟ್ಟಿಲನ್ನು ಅವನು ಮೊಣಕಾಲು ಜೋಡಿಸಿಕೊಂಡು, ಸೀರೆ ಉಟ್ಟವರ ಹಾಗೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಹತ್ತಿದ. ಒಳಗೆ ಒಂದು ಕುರ್ಚಿಯಲ್ಲೂ ಜನರಿರಲಿಲ್ಲ. ಇಡೀ ಸಿಬ್ಬಂದಿ ಶೌಚಾಲಯದ ಬಾಗಿಲ ಮುಂದೆ, ಪಡಿತರದ ಅಂಗಡಿಯ ಸಾಲಿನ ಹಾಗೆ, ಗೋಡೆ ಹಿಡಿದು ನಿಂತಿತ್ತು. ಎಲ್ಲರ ಹಣೆಯಲ್ಲೂ ಬೆವರು. ಎಲ್ಲರ ಮುಖದಲ್ಲೂ ಧನ್ಯತೆ.

"ಬಂದ್ರಾ! ಬನ್ನಿ ಬನ್ನಿ" ಎಂದಳು ಗುರುದೇವಿ, ಹೊಟ್ಟೆ ಹಿಡಿದುಕೊಂಡೇ. "ನೀವು ಹೋದ್ಮೇಲೆ ಗ್ರಂಧಿಗೆ ಅಂಗಡಿಯಿಂದ ಮೂರೂ ತರಿಸಿದ್ವಿ. ಹನ್ನೊಂದು ಗಂಟೆ ಟೀ ಬದ್ಲು ದಾನಮ್ಮ ಅದೇ ಕಾಯ್ಸಿ ಎಲ್ರಿಗೂ ಕೊಟ್ಲು. ಏನ್ ಮದ್ದು ಸಾರ್! ಎಂಟು ವರ್ಷದ ಮಲಬದ್ಧತೆ ನಂದು. ಇದು ನಾಲ್ಕನೇ ಸಲ!"

ಅಜ್ಜಿ ಅವತ್ತು ಸ್ಕೂಲಿಗೆ ಯಾಕೆ ರಜ ಹಾಕಿಸುತ್ತಿದ್ದಳು ಎಂಬುದು ವೆಂಕಟಸ್ವಾಮಿಗೆ ಥಟ್ಟನೆ ನೆನಪಾಯಿತು. ಹಿತ್ತಲೂ ನೆನಪಾಯಿತು. ಹಿತ್ತಲಲ್ಲಿ ಅಣ್ಣತಮ್ಮಂದಿರ ಸಾಲೂ ನೆನಪಾಯಿತು.

"ಅದು ಭೇದಿ ಔಷಧಿ ಕಣ್ರೀ!" ಎಂದು ಅವನು ಕೂಗಿದ. "ನನಗೆ ವಾಸಿಯಾಗಿಲ್ಲ! ನಿಮ್ಮ ಬಾಯಿ ಮುಚ್ಚಿಸೋಕೆ ಸುಳ್ಳು ಹೇಳ್ದೆ! ದಾರಿ ಬಿಡಿ, ಪ್ಲೀಸ್, ದಾರಿ ಬಿಡಿ!"

ಯಾರೂ ಕದಲಲಿಲ್ಲ.

"ನೋಡಿ ಹೆಂಗೆ," ಎಂದಳು ಸಾಲಿನಲ್ಲಿ ಮೂರನೆಯವಳಾಗಿದ್ದ ದಾನಮ್ಮ. "ಕ್ಯೂ ಮುರಿಯಕ್ಕೆ ಅಜ್ಜಿ ಮದ್ದನ್ನೇ ಸುಳ್ಳು ಅಂತಾರೆ."

"ನಿಜ ಹೇಳ್ತಾ ಇದೀನಿ ದಾನಮ್ಮ! ಇವತ್ತು ಬೆಳಗ್ಗೆವರೆಗೂ ನೀವೇ ದಾರಿ ಬಿಡ್ತಿದ್ರಲ್ರೀ!"

"ಅವಾಗ ನಿಮಗೆ ಕಾಯಿಲೆ ಇತ್ತು ಸಾರ್, ಬಿಟ್ವಿ" ಎಂದಳು ಗುರುದೇವಿ. "ಈಗ ಕಾಯಿಲೆಯವರು ನಾವು. ವಾಸಿಯಾದವ್ರಿಗೆ ಏನ್ ಅರ್ಜೆಂಟು? ಹಿಂದೆ ನಿಂತ್ಕೊಳ್ಳಿ."

ಬಾಗಿಲು ತೆರೆಯಿತು. ಲಕ್ಷ್ಮೀಪತಿಯವರು ತೀರ್ಥಯಾತ್ರೆ ಮುಗಿಸಿದವರ ಕಳೆಯಲ್ಲಿ ಹೊರಗೆ ಬಂದರು. ವೆಂಕಟಸ್ವಾಮಿ ಒಳಗೆ ನುಗ್ಗುವಷ್ಟರಲ್ಲಿ ಲೆಕ್ಕಪತ್ರ ವಿಭಾಗದವನು ನುಗ್ಗಿ ಚಿಲಕ ಹಾಕಿಕೊಂಡ. ಲಕ್ಷ್ಮೀಪತಿ ವೆಂಕಟಸ್ವಾಮಿಯ ಹೆಗಲ ಮೇಲೆ ಕೈ ಇಟ್ಟರು.

"ದೇಹ ಹತ್ತಿಯಾಗಿದೆ ಕಣ್ರೀ, ಹತ್ತಿ! ಇನ್ಮೇಲೆ ಪ್ರತಿ ಸೋಮವಾರ ಟೀ ಬಂದ್, ಇದೇ ಕಷಾಯ. ಅಧ್ಯಕ್ಷರಿಗೂ ಹೇಳ್ದೆ, ಒಪ್ಪಿದಾರೆ. ಪಟಾಲಮ್ಮನ ವಿಷ್ಯಕ್ಕೆ ನಿಮ್ಗೆ ನೋಟಿಸ್ ಕೊಡ್ಬೇಕು ಅಂದ್ರು, ಅದು ಬೇರೆ ಮಾತು." ಒಂದು ಕ್ಷಣ ಮಾತು ನಿಲ್ಲಿಸಿ, ಕಣ್ಣು ಮುಚ್ಚಿ, ಒಳಗಿನ ಯಾವುದೋ ಕರೆಗೆ ಕಿವಿಗೊಟ್ಟರು. ಆಮೇಲೆ ಮೆಲ್ಲನೆ ಬಂದು ಸಾಲಿನಲ್ಲಿ ನಿಂತರು. ಕಾರ್ಯದರ್ಶಿಗಳಲ್ಲವೇ, ವೆಂಕಟಸ್ವಾಮಿಯ ಮುಂದೆಯೇ ನಿಂತರು.

ದಾನಮ್ಮ ಕಿಟಕಿಯ ಕಡೆ ಕೈ ತೋರಿಸಿದಳು. "ನಿಮ್ಗೂ ಒಂದು ಲೋಟ ಮುಚ್ಚಿಟ್ಟಿದೀನಿ ಸಾರ್."

ಸಾಲಿನಲ್ಲಿ ವೆಂಕಟಸ್ವಾಮಿ ಕೊನೆಯವನಾಗಿದ್ದ.