ಹಂಡೆಯ ಶಾರೀರ

ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ. ಅವರ ಪ್ರಕಾರ ನಾನು ಇಡ್ಲಿ ಬೇಯಿಸುವ ಪಾತ್ರೆಗೆ ಒಳ್ಳೆಯ ಶಾರೀರವಿದೆ, ನನಗಿಲ್ಲ! ಇಪ್ಪತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಟ್ಟ ಟೀಚರ್ ನಾನು. ಈ ಮಾತನ್ನು ಹೊರಗಿನವರು ಆಡಿದ್ದರೆ ಅವರ ಗತಿ ಬೇರೆಯಾಗುತ್ತಿತ್ತು. ಆಡಿದವರು ನನ್ನ ಯಜಮಾನರ ಅಣ್ಣ, ಅಂದರೆ ಭಾವನವರು. ಭಾವನವರ ಮೇಲೆ ಸಿಟ್ಟು ಬಂದರೆ ಹೊಸಪೇಟೆಯ ಸೊಸೆ ಏನು ಮಾಡಬೇಕು? ಬಹುವಚನದಲ್ಲೇ ಸಿಟ್ಟಾಗಬೇಕು. ನಾನು ಹಾಗೆಯೇ ಆಗುತ್ತಾ ಬಂದಿದ್ದೇನೆ.

ಭಾವನವರು ಯಶವಂತನಗರದ ಕಡೆ ಒಂದು ಗಣಿಯಲ್ಲಿ, ಅದಿರು ಒಡೆಯುವ ಕ್ರಷರ್ ಪಕ್ಕದಲ್ಲಿ, ಫಿಟ್ಟರ್ ಆಗಿ ಆಯುಷ್ಯ ಸವೆಸಿದವರು. ಮದುವೆಯಾಗಲಿಲ್ಲ. ರಿಟೈರಾದ ಮೇಲೆ ನಮ್ಮ ಮಾಳಿಗೆಯ ಕೋಣೆಗೆ ಬಂದರು. ಉಳಿದವರು ರಿಟೈರಾದರೆ ವಾಕಿಂಗ್ ಹೋಗುತ್ತಾರೆ, ಸೊಸೆಯರ ಅಡುಗೆಗೆ ಹೆಸರಿಡುತ್ತಾರೆ. ಇವರು ವಾಲ್ವ್ ಆಂಪ್ಲಿಫೈಯರ್ ಕಟ್ಟಲು ಕುಳಿತರು. ಹಳೇ ರೇಡಿಯೋದೊಳಗೆ ಕೆಂಡದ ಹಾಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳು ನೆನಪಿವೆಯೇ? ಅವೇ ವಾಲ್ವು. ಅಂಥ ನಾಲ್ಕನ್ನು ಒಂದು ಪೆಟ್ಟಿಗೆಯ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ಕೂರಿಸಿ, ಮೊಬೈಲಿನಿಂದ ಒಂದು ವೈರು, ಸ್ಪೀಕರಿಗೆ ಒಂದು ವೈರು ಎಳೆದರೆ ಹಾಡು ಬರುತ್ತದೆ. ಅಲ್ಲಿಗೆ ಬಿಟ್ಟಿದ್ದರೆ ನನಗೇನು ಕಷ್ಟವಿತ್ತು? ಆದರೆ ಆ ಕೆಳಗಿನ ಪೆಟ್ಟಿಗೆ ಇದೆಯಲ್ಲ, ಅದಕ್ಕೆ ಚಾಸಿ ಎಂದು ಹೆಸರು. ಚಾಸಿ ಎಂಥದೋ ಹಾಡೂ ಅಂಥದೇ ಎನ್ನುವುದು ಭಾವನವರ ಸಿದ್ಧಾಂತ.

"ಹಾಡು ಬರೋದು ಸ್ಪೀಕರ್‌ನಾಗಿಂದ ಅಲ್ಲೇನ್ರಿ?" ಎಂದು ಒಮ್ಮೆ ಎದುರಿಗೇ ನಿಂತು ಕೇಳಿದೆ.

"ಮಾತು ಬರೋದು ಬಾಯಾಗಿಂದ. ಹಂಗಂತ ಎದಿ ಬ್ಯಾಡೇನು ತಂಗಿ?" ಎಂದರು.

ಉತ್ತರ ಹೊಳೆಯದಿದ್ದಾಗ ನನಗೆ ಸಿಟ್ಟು ಇಮ್ಮಡಿಯಾಗುತ್ತದೆ.

ಮೊದಲು ಕಬ್ಬಿಣ. ಕಬ್ಬಿಣದ ನಾಡಿನಲ್ಲಿ ಕಬ್ಬಿಣಕ್ಕೇನು ಬರ? ನನ್ನ ಯಜಮಾನರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸಂಡೂರಿಗೆ ಹೋಗಿ, ಲಾರಿಗಳ ಬಾಡಿ ಕಟ್ಟುವ ಶೆಡ್ಡಿನಲ್ಲಿ "ಒಂದು ಚಾಸಿ ಮಾಡಿ ಕೊಡ್ರಿ" ಎಂದರಂತೆ. ಶೆಡ್ಡಿನ ಯಜಮಾನ ಕುರ್ಚಿ ಹಾಕಿಸಿ, ಚಹಾ ತರಿಸಿ, "ಹತ್ತು ಗಾಲಿದೋ ಹನ್ನೆರಡು ಗಾಲಿದೋ?" ಎಂದು ಕೇಳಿದ.

"ಗಾಲಿ ಇಲ್ರಿ. ನಾಲ್ಕು ವಾಲ್ವ್ ಅದಾವು."

"ಅದು ಇಂಜಿನ್ ಮಾತಾತು. ಎಷ್ಟು ಲೋಡ್ ಎಳೀಬೇಕು?"

"ಎಳಿಯಾಕಲ್ರಿ, ಹಾಡಾಕ."

ಅಷ್ಟರೊಳಗೆ ಚಹಾ ಕುಡಿದು ಮುಗಿದಿತ್ತು, ಇಲ್ಲದಿದ್ದರೆ ಲೋಟ ಕಸಿದುಕೊಳ್ಳುತ್ತಿದ್ದ. ಸುದ್ದಿ ಮಾತ್ರ ಅವರಿಗಿಂತ ಮೊದಲೇ ಹೊಸಪೇಟೆ ಮುಟ್ಟಿತು. ನಾವು ಅದಿರು ಲಾರಿ ತೆಗೆದುಕೊಳ್ಳುತ್ತಿದ್ದೇವೆಂದು ಓಣಿಯವರೆಲ್ಲ ಬಂದು ಪೇಡೆ ಕೇಳಿದರು. ಎಲ್ಲರಿಗೂ ಪೇಡೆ ಕೊಟ್ಟವಳು ನಾನು! ಕೊನೆಗೆ ಬೇರೆಲ್ಲೋ ತಗಡು ಬಗ್ಗಿಸಿ ಚಾಸಿ ಮಾಡಿಸಿ ತಂದರು. ಎರಡು ದಿನ ಹಾಡಿಸಿ, "ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡೋದನ್ನೆಲ್ಲ ಕಬ್ಬಿಣ ಹಿಡಕಂಡು ಕುಂದರ್ತೈತಿ" ಎಂದು ಮೂಲೆಗೆ ಎಸೆದರು.

ಆಮೇಲೆ ಅಲ್ಯೂಮಿನಿಯಂ. ಅದೇ ನನ್ನ ಇಡ್ಲಿ ಪಾತ್ರೆ. ಶಾಲೆಯಿಂದ ಬರುವಷ್ಟರಲ್ಲಿ ಅದರ ತಳದಲ್ಲಿ ನಾಲ್ಕು ತೂತು. ಭಾವನವರು ಶಾರೀರದ ಮಾತು ಆಡಿದ್ದು ಆ ದಿನವೇ. ವಾರ ಕಳೆಯುವುದರೊಳಗೆ ಅದೂ ಬೇಡವಾಯಿತು, "ಹಗೂರ ಐತಿ, ಝಣ ಝಣ ಅಂತೈತಿ" ಎಂದರು. ತೂತಿನ ಪಾತ್ರೆಯನ್ನು ನನ್ನ ಕೈಗೇ ಕೊಟ್ಟು, "ತೊಳದು ಇಟ್ಟುಕೋ ತಂಗಿ, ಕೆಲಸಕ್ಕ ಬರ್ತೈತಿ" ಎಂಬ ಉಪದೇಶ ಬೇರೆ. ಯಾವ ಕೆಲಸಕ್ಕೆ?

ಮೂರನೆಯದು ಕಲ್ಲು. ನೆಂಟರನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆವು. ನಾವೆಲ್ಲ ಫೋಟೋ ತೆಗೆದುಕೊಳ್ಳುತ್ತಿದ್ದರೆ ಭಾವನವರು ಸಂಗೀತದ ಕಂಬಕ್ಕೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತುಬಿಟ್ಟಿದ್ದರು. ಕಾವಲಿನವನು ಎರಡು ಸಲ ಸೀಟಿ ಊದಿದ. ಇವರು ಅಲುಗಾಡಲಿಲ್ಲ. ಅವನು ಬಂದು ಭುಜ ಹಿಡಿದು ತಿರುಗಿಸಿ, "ಯಜಮಾನ್ರ, ಕಂಬ ಮುಟ್ಟಬ್ಯಾಡ್ರಿ" ಎಂದ.

"ನಾ ಮುಟ್ಟಾಕತ್ತಿಲ್ಲಪ್ಪ, ಕೇಳಾಕತ್ತೀನಿ" ಎಂದರು.

ನೆಂಟರ ಮುಂದೆ ನನ್ನ ಮಾನ ಹೋಯಿತು. ಮರುವಾರ ಗಾದಿಗನೂರಿನಿಂದ ಆಟೋದಲ್ಲಿ ಒಂದು ಕಲ್ಲುಚಪ್ಪಡಿ ಬಂತು. ಅದನ್ನು ಮಾಳಿಗೆಗೆ ಹೊತ್ತವರು ನನ್ನ ಯಜಮಾನರು. ಆಮೇಲೆ ಮೂರು ರಾತ್ರಿ ಅವರ ಸೊಂಟಕ್ಕೆ ಎಣ್ಣೆ ತಿಕ್ಕಿದವಳು ನಾನು. ಕಲ್ಲು ಹಾಡನ್ನು ನುಂಗುತ್ತದೆ, ಹೊರಗೆ ಬಿಡುವುದಿಲ್ಲ ಎಂದು ಅದೂ ತಿರಸ್ಕಾರವಾಯಿತು. ಈಗ ಬಚ್ಚಲ ಬಾಗಿಲಲ್ಲಿ ಬಿದ್ದುಕೊಂಡು ದಿನಕ್ಕೊಮ್ಮೆ ನನ್ನ ಕಾಲ್ಬೆರಳಿಗೆ ಬಡಿಯುತ್ತದೆ.

ಇಷ್ಟನ್ನೂ ಸಹಿಸಿದೆ. ಆದರೆ ಕೊನೆಗೆ ಅವರ ಕಣ್ಣು ತಾಮ್ರದ ಮೇಲೆ ಬಿತ್ತು, ನನ್ನ ಹಂಡೆಯ ಮೇಲೆ. ನನ್ನವ್ವ ಕಂಪ್ಲಿಯ ಸಂತೆಯಲ್ಲಿ ಕೊಂಡು, ತಲೆಯ ಮೇಲೆ ಹೊತ್ತು ತಂದು, ಮದುವೆಯಲ್ಲಿ ನನಗೆ ಕೊಟ್ಟ ಹಂಡೆ ಅದು. ಮನೆಗೆ ಗೀಸರ್ ಬಂದ ಮೇಲೂ ನೀರು ತುಂಬುವ ಹಬ್ಬಕ್ಕೆ ಅದನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗುತ್ತೇನೆ. ಅವ್ವ ಈಗಿಲ್ಲ. ಅವಳದೆಂದು ನನ್ನ ಹತ್ತಿರ ಉಳಿದದ್ದು ಅದೊಂದೇ.

"ಮೊದಲು ನನ್ನ ಕೊಯ್ಯಿರಿ, ಆಮ್ಯಾಲ ಹಂಡೆ" ಎಂದೆ. ಭಾವನವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಬ್ಯಾಡ ಬಿಡು" ಎಂದು ಮೆಟ್ಟಿಲು ಹತ್ತಿ ಹೋದರು. ಗೆದ್ದೆ ಅಂದುಕೊಂಡೆ.

ಕಳೆದ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು ನೋಡುತ್ತೇನೆ, ಅಟ್ಟದ ಮೇಲೆ ಹಂಡೆ ಇಲ್ಲ. ಬಹುವಚನ ಇವತ್ತಿಗೆ ಸಾಕು ಎಂದು ನಿಶ್ಚಯಿಸಿಕೊಂಡೇ ಮಾಳಿಗೆ ಹತ್ತಿದೆ.

ಬಾಗಿಲು ತೆರೆದಿತ್ತು. ಭಾವನವರು ಬೆನ್ನು ಮಾಡಿ ಕುಳಿತಿದ್ದರು. ಹಂಡೆ ಬೋರಲಾಗಿತ್ತು, ಅದರ ತಳದ ಮೇಲೆ ಟ್ರಾನ್ಸ್‌ಫಾರ್ಮರ್ ಕೂತಿತ್ತು, ಪಕ್ಕದ ಹಲಗೆಯ ಮೇಲೆ ವಾಲ್ವುಗಳು ಉರಿಯುತ್ತಿದ್ದವು. ಹಂಡೆಯ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ, ಚೌಕದೊಳಗೆ ನಾಲ್ಕು ಸೊನ್ನೆ. ಎಲ್ಲಿ ಕೊಯ್ಯಬೇಕೆಂದು ಗುರುತು!

"ಭಾವಾರ!" ಎಂದು ಕೂಗಿದೆ. ತಿರುಗಲಿಲ್ಲ. ಕರೆದರೆ ಓಗೊಡದ ಈ ಧಿಮಾಕನ್ನು ಅವರು ನಮ್ಮ ಮನೆಗೆ ಬಂದಾಗಿನಿಂದ ನೋಡುತ್ತಿದ್ದೇನೆ. ಇನ್ನೂ ಜೋರಾಗಿ ಕೂಗಿದೆ. ಅವರ ಅಂಗೈ ಹಂಡೆಯ ಮೇಲಿತ್ತು, ಇನ್ನೊಂದು ಕೈಯ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ತಲೆ ತೂಗುತ್ತಿತ್ತು. ಆಗ ಗಮನಿಸಿದೆ: ಕೋಣೆಯಲ್ಲಿ ಹಾಡೇ ಇರಲಿಲ್ಲ. ಬೆಳಿಗ್ಗೆ ನಾನು ಕಸ ಹೊಡೆಯುವಾಗ ಪೊರಕೆಗೆ ಸಿಕ್ಕಿತೋ ಏನೋ, ಸ್ಪೀಕರಿನ ವೈರು ಕಿತ್ತು ನೆಲದ ಮೇಲೆ ಬಿದ್ದಿತ್ತು. ಹಾಡಿಲ್ಲದೆ ತಾಳ ಹಾಕುತ್ತಿದ್ದಾರಲ್ಲ, ತಲೆ ಪೂರ್ತಿ ಕೆಟ್ಟಿತು ಅಂದುಕೊಂಡು ಬಗ್ಗಿ ವೈರು ಸಿಕ್ಕಿಸಿದೆ.

ಕಿಟಕಿಯ ಗಾಜು ಅದುರುವ ಹಾಗೆ ಹಾಡು ಹೊಡೆಯಿತು. ನಾನು ಬೆಚ್ಚಿ ಗೋಡೆಗೆ ಆತುಕೊಂಡೆ. ಭಾವನವರು ಬೆಚ್ಚಲಿಲ್ಲ. ಅವರ ಬೆರಳು ಮೊದಲಿನಂತೆಯೇ ಬೀಳುತ್ತಿತ್ತು, ಹಾಡಿನ ತಾಳಕ್ಕೆ ಸರಿಯಾಗಿ, ಒಂದು ಕೂದಲೆಳೆಯೂ ತಪ್ಪದೆ.

ನಾನೂ ಮೆಲ್ಲಗೆ ಹಂಡೆಯ ಈ ಬದಿಗೆ ಕೈ ಇಟ್ಟೆ. ಟ್ರಾನ್ಸ್‌ಫಾರ್ಮರಿನ ನಡುಕ ತಾಮ್ರದೊಳಗೆ ಹರಿಯುತ್ತಿತ್ತು, ಹಾಡಿನ ಏರಿಳಿತವೆಲ್ಲ ಅಂಗೈಗೆ ಬರುತ್ತಿತ್ತು. ಭಾವನವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇಷ್ಟು ವರ್ಷ ನಮ್ಮ ಮುಖ ನೋಡಿ, ತುಟಿ ನೋಡಿ ಉತ್ತರ ಕೊಡುತ್ತಿದ್ದರು. ನಾನು ಅದನ್ನು ಧಿಮಾಕು ಎನ್ನುತ್ತಿದ್ದೆ. ನನಗೆ ನನ್ನ ಮೇಲೆ ಬಂದ ಸಿಟ್ಟಿಗೆ ಏಕವಚನವೂ ಸಾಲದಾಯಿತು.

ನನ್ನ ಕೈ ಕಂಡು ಅವರು ಥಟ್ಟನೆ ಎದ್ದು ನಿಂತರು.

"ಬರೇ ಗುರ್ತು ಹಾಕೀನಿ ತಂಗಿ, ಕೊಯ್ಯಂಗಿಲ್ಲ. ಒಂದೀಟು ಕೇಳಿ ಮತ್ತ ಅಟ್ಟದ ಮ್ಯಾಲ ಇಡ್ತಿದ್ದೆ" ಎಂದರು.

"ಯಾವಾಗಿಂದ್ರಿ?" ಎಂದು ಕಿವಿ ಮುಟ್ಟಿ ಕೇಳಿದೆ.

"ಕ್ರಷರ್ ಸಪ್ಪಳ ಅಲ್ಲೇನು," ಎಂದು ನೆಲ ನೋಡಿದರು. "ಹೇಳಿದ್ರ ಎಲ್ಲಾರೂ ನನ್ನ ಮುಂದ ಒದರಾಕ ಸುರು ಮಾಡ್ತೀರಿ. ಒದರೋ ಮಾರಿ ಚಂದ ಕಾಣಂಗಿಲ್ಲ."

ಬೆಳಕಿಗೆ ಮುಖ ಮಾಡಿ ನಿಂತು, ಕೂಗದೆ, ಒಂದೊಂದೇ ಅಕ್ಷರ ತುಟಿಯಲ್ಲಿ ಬಿಡಿಸಿ ಕೇಳಿದೆ:

"ನಾಲ್ಕು ತೂತು ಸಾಕೇನ್ರಿ?"