ಕಾಲು ಚಾಚಲು ಒಂದು ಸೀಟು

ವಿಮಾನದ ಟಿಕೆಟ್ ಮಾಡಿಕೊಡುವ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷವಾಯಿತು. ವಿಮಾನ ಹತ್ತುವ ಮೊದಲೇ ಜನ ಅರ್ಧ ಪ್ರವಾಸವನ್ನು ನನ್ನ ಮೇಜಿನ ಮುಂದೆ ಮುಗಿಸಿರುತ್ತಾರೆ. ಬೇಸಿಗೆ ರಜೆ ಹತ್ತಿರ ಬಂತೆಂದರೆ ಶಿವಮೊಗ್ಗದ ನಮ್ಮ ಆಫೀಸಿನಲ್ಲಿ ದಿನಕ್ಕೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ಆದರೆ ಹೋದ ಬೇಸಿಗೆಯಲ್ಲಿ ಭದ್ರಾವತಿಯ ದಂಪತಿ ಇಬ್ಬರೇ ಸೇರಿ ಇಡೀ ಸೀಸನ್ನಿಗೆ ಸಾಕಾಗುವಷ್ಟು ಒದಗಿಸಿದರು.

ಹೆಂಡತಿ ಹೈಸ್ಕೂಲಿನಲ್ಲಿ ಸಮಾಜ ಪಾಠದ ಟೀಚರು. ಗಂಡ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ರಿಟೈರ್ ಆದವರು. ಟೀಚರಿಗೆ ಸ್ವಿಟ್ಜರ್ಲೆಂಡಿನಲ್ಲಿ ಹಿಮನದಿ ನೋಡಬೇಕಿತ್ತು. "ಮೂವತ್ತು ವರ್ಷದಿಂದ ಬೋರ್ಡ್ ಮೇಲೆ ಬಿಡಿಸ್ತಾ ಇದೀನಿ ಮೇಡಂ. ನಾನೇ ನೋಡಿಲ್ಲ ಅಂತ ಮಕ್ಕಳಿಗೆ ಗೊತ್ತಿಲ್ಲ, ಅಷ್ಟೆ" ಎಂದರು. ತೊಡಕಿದ್ದದ್ದು ಮಂಡಿಯಲ್ಲಿ. ಒಂದಕ್ಕೆ ಆಪರೇಶನ್ ಆಗಿತ್ತು, ಇನ್ನೊಂದಕ್ಕೆ ಜೂನ್‌ನಲ್ಲಿ ಆಗಬೇಕಿತ್ತು. ವಿಮಾನದಲ್ಲಿ ಕಾಲು ಚಾಚಿ ಮಲಗುವ ಹಾಗಿದ್ದರೆ ಮಾತ್ರ ಹೋಗಿ, ಇಲ್ಲದಿದ್ದರೆ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕಾಲು ಚಾಚುವ ಸೀಟು ಬಿಸಿನೆಸ್ ಕ್ಲಾಸಿನಲ್ಲಿ. ಸ್ಕೂಲಿಗೆ ರಜೆ ಮೇ ತಿಂಗಳಲ್ಲಿ. ಇಡೀ ದೇಶ ಹೊರಡುವುದೂ ಅದೇ ಮೇ ತಿಂಗಳಲ್ಲಿ.

೧. ಕೊನೇ ರೇಟು

ಮೊದಲ ದಿನ ಇಬ್ಬರಿಗೂ ಸೇರಿಸಿ ಬಿಸಿನೆಸ್ ಕ್ಲಾಸಿನ ರೇಟು ಹೇಳಿದೆ. ಫೋರ್‌ಮನ್ನರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ನನ್ನ ಕಂಪ್ಯೂಟರನ್ನೇ ಬಗ್ಗಿ ನೋಡಿದರು.

"ಇದು ಹೇಳೋ ರೇಟಾಯ್ತು. ಕೊಡೋ ರೇಟು ಎಷ್ಟು?"

"ಕೊಡೋದೂ ಅದೇ ಸರ್. ಸೀಸನ್ನು."

"ನಾವೇನು ಊಟ ಮಾಡಲ್ಲ. ಅವಲಕ್ಕಿ, ಚಕ್ಕುಲಿ ಮನೆಯಿಂದ ತರ್ತೀವಿ. ಊಟದ್ದು ಕಳೀರಿ."

"ಹಾಗೆಲ್ಲ ಕಳೆಯೋಕೆ ಬರಲ್ಲ ಸರ್."

"ಕೊಡೋ ಹೊದಿಕೆನೂ ಬೇಡ. ನಮ್ಮದೇ ಇದೆ."

ಟೀಚರು ಅವರ ಮೊಣಕೈ ಹಿಡಿದು ಎಬ್ಬಿಸಿದರು. ಬಾಗಿಲು ದಾಟುವ ಮೊದಲು ಫೋರ್‌ಮನ್ನರು ತಿರುಗಿ, ತರಕಾರಿ ಅಂಗಡಿ ಮುಂದೆ ನಿಲ್ಲುವ ಹಾಗೆ ಎರಡು ನಿಮಿಷ ನಿಂತರು. ನಾನು ಹಿಂದಿನಿಂದ ಕರೆದು ಇಳಿಸುತ್ತೇನೆ ಎಂದು ಕಾಯುತ್ತಿದ್ದರು. ಆ ಎರಡು ನಿಮಿಷದಲ್ಲಿ ಕಂಪ್ಯೂಟರಿನಲ್ಲಿ ರೇಟು ಇನ್ನಷ್ಟು ಏರಿತು.

೨. ಟ್ರಯಲ್

ಮರುವಾರ ಟೀಚರು ಫೋನ್ ಮಾಡಿದರು. ದನಿ ಸೋತಿತ್ತು.

ಯಜಮಾನರಿಗೆ ಕಾರ್ಖಾನೆಯ ಬುದ್ಧಿ. ಯಾವುದನ್ನೂ ಟ್ರಯಲ್ ನೋಡದೆ ಒಪ್ಪುವವರಲ್ಲ. ಸಾಮಾನ್ಯ ಕ್ಲಾಸಿನ ಸೀಟುಗಳ ನಡುವೆ ಎಷ್ಟು ಜಾಗ ಇರುತ್ತದೆ ಎಂದು ನನ್ನಿಂದಲೇ ಕೇಳಿ ತಿಳಿದುಕೊಂಡು ಹೋಗಿದ್ದರು. ಮನೆಯಲ್ಲಿ ಟೇಪು ಹಿಡಿದು ಊಟದ ಮೇಜಿನ ಕುರ್ಚಿಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಹಿಂದಿನದರಲ್ಲಿ ಹೆಂಡತಿಯನ್ನು ಕೂರಿಸಿ, ಮುಂದಿನದರಲ್ಲಿ ತಾವು ಕೂತಿದ್ದರು. ಅವರ ಯೋಚನೆ ಇಷ್ಟು: ಮುಂದಿನ ಸೀಟು ತಮ್ಮದೇ ಆದರೆ ಅದನ್ನು ಹಿಂದಕ್ಕೆ ಒರಗಿಸುವವರಿಲ್ಲ, ಕೆಳಗಿನಿಂದ ಅವಳು ಕಾಲು ಚಾಚಬಹುದು, ಬಿಸಿನೆಸ್ ಕ್ಲಾಸ್ ಬೇಕಾಗುವುದಿಲ್ಲ.

"ಆಯ್ತಾ ಟೀಚರ್? ಕಾಲು ಚಾಚೋಕೆ ಆಯ್ತಾ?"

"ಎಲ್ಲಿ ಆಗತ್ತೆ ಮೇಡಂ, ಮುಕ್ಕಾಲು ಗಂಟೆಗೇ ಮಂಡಿ ಹಿಡ್ಕೊಳ್ತು. ಬಾತ್‌ರೂಮಿಗೆ ಅಂತ ಎದ್ದರೆ ಇವರು ಮುಂದಿಂದ, ‘ಕೂತ್ಕೋ ಮಾರಾಯ್ತಿ, ಬೆಲ್ಟಿನ ಲೈಟು ಹತ್ತಿದೆ’ ಅಂತಾರೆ."

೩. ಖಾಲಿ ದಿನ

ಬಿಸಿನೆಸ್ ಕ್ಲಾಸು ಅಗ್ಗಕ್ಕೆ ಸಿಗಬೇಕೆಂದರೆ ದಾರಿ ಕೆಲವೇ. ವಾರದ ನಡುವೆ ಹೊರಡಬೇಕು, ನೇರ ವಿಮಾನದ ಆಸೆ ಬಿಟ್ಟು ಗಲ್ಫಿನಲ್ಲಿ ಇಳಿದು ಹತ್ತಬೇಕು, ಬೇರೆಯವರು ಒಲ್ಲದ ದಿನ ಹುಡುಕಬೇಕು. ಇಡೀ ಮೇ ತಿಂಗಳು ಜಾಲಾಡಿದೆ. ಒಂದು ದಿನ ಮಾತ್ರ ರೇಟು ಧೊಪ್ಪನೆ ಇಳಿದಿತ್ತು. ಫೋನ್ ಮಾಡಿ ದಿನಾಂಕ ಹೇಳಿದೆ. ಆ ಕಡೆ ಕ್ಯಾಲೆಂಡರ್ ಹಾಳೆ ಮಗುಚುವ ಸದ್ದು. ಆಮೇಲೆ ಫೋರ್‌ಮನ್ನರ ದನಿ.

"ಮೇಡಂ, ಅವತ್ತು ಮಂಗಳವಾರ."

"ಹೌದು ಸರ್."

"ಅಮಾವಾಸ್ಯೆ."

"ಅದಕ್ಕೇ ಇರ್ಬೇಕು ಸರ್ ಸೀಟು ಖಾಲಿ ಇರೋದು."

ಅಷ್ಟಾದರೂ ಆ ರೇಟಿಗೆ ಇದ್ದದ್ದು ಒಂದೇ ಒಂದು ಸೀಟು. ಸಂಜೆ ಇಬ್ಬರೂ ಆಫೀಸಿಗೆ ಬಂದರು. ಟೀಚರು ಮುಂದೆ, ಇವರು ಹಿಂದೆ ಸಾಮಾನ್ಯ ಕ್ಲಾಸಿನಲ್ಲಿ ಎಂದು ಹೇಳಿದೆ. ಫೋರ್‌ಮನ್ನರ ಮುಖ ಸಣ್ಣದಾಯಿತು. "ಗಂಡ ಹೆಂಡತಿ ಬೇರೆ ಬೇರೆ ಕೂತ್ಕೊಂಡು ಫಾರಿನ್ನಿಗೆ ಹೋಗೋದಾ? ನೋಡಿದವರು ಏನಂತಾರೆ?"

ಟೀಚರಿಗೆ ಆಗಲೇ ಅರ್ಧ ಹಿಮನದಿ ಕಣ್ಣಿಗೆ ಬಿದ್ದಿತ್ತು. "ಭದ್ರಾವತಿ ಬಸ್ಸಲ್ಲಿ ಇಷ್ಟು ವರ್ಷ ಹೆಂಗೆ ಓಡಾಡಿದ್ರಿ? ಹೆಂಗಸರು ಮುಂದೆ, ಗಂಡಸರು ಹಿಂದೆ. ಇಲ್ಲಿ ಮಧ್ಯ ಒಂದು ಪರದೆ ಇರತ್ತೆ ಅಷ್ಟೆ. ಮೇಡಂ, ನೀವು ಮಾಡಿ ಟಿಕೆಟ್ಟು."

೪. ಚೀಲದ ಪ್ರಯಾಣ

ಟಿಕೆಟ್ ಆಯಿತು, ಅಮಾವಾಸ್ಯೆ ಉಳಿಯಿತು. ಅದಕ್ಕೆ ನಮ್ಮ ಕಡೆ ಒಂದು ಉಪಾಯ ಉಂಟು, ಪ್ರಸ್ಥಾನ ಇಡುವುದು. ಒಳ್ಳೆಯ ದಿನ, ಒಳ್ಳೆಯ ಗಳಿಗೆಯಲ್ಲಿ ಒಂದು ಚೀಲವನ್ನು ಮನೆಯಿಂದ ಹೊರಡಿಸಿ ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಶುರುವಾದ ಹಾಗೆ ಲೆಕ್ಕ. ಆಮೇಲೆ ಜನ ಯಾವಾಗ ಹೊರಟರೂ ನಡೆಯುತ್ತದೆ. ಚೀಲ ಮಾತ್ರ ಮನೆಗೆ ವಾಪಸು ಬರಕೂಡದು.

ಭಾನುವಾರ ಚೀಲ ಹೊರಟಿತು, ಮಲವಗೊಪ್ಪದಲ್ಲಿರುವ ಫೋರ್‌ಮನ್ನರ ತಂಗಿಯ ಮನೆಗೆ. ಇದ್ದವರಲ್ಲಿ ಅವರೇ ಹತ್ತಿರದವರು. ಆದರೆ ಮಲವಗೊಪ್ಪ ಇರುವುದು ಭದ್ರಾವತಿಯಿಂದ ಶಿವಮೊಗ್ಗದ ಕಡೆಗೆ. ಬೆಂಗಳೂರು ಇನ್ನೊಂದು ದಿಕ್ಕಿಗೆ. ಇದು ಯಾರ ತಲೆಗೂ ಹೊಳೆದಿರಲಿಲ್ಲ. ಸೋಮವಾರ ಭದ್ರಾವತಿಯಲ್ಲೇ ಬೆಂಗಳೂರು ಬಸ್ಸು ಹತ್ತಬೇಕಾದವರು ಆಟೋ ಮಾಡಿಕೊಂಡು ಮಲವಗೊಪ್ಪಕ್ಕೆ ಹೋಗಿ, ಚೀಲ ಎತ್ತಿಕೊಂಡು, ಅಲ್ಲಿ ಬಸ್ಸಿಗೆ ಕೈ ಮಾಡಿದರು. ಬಸ್ಸು ಅವರನ್ನು ತಿರುಗಿ ಭದ್ರಾವತಿಗೇ ತಂದು, ಅವರ ಮನೆಯ ತಿರುವಿನಲ್ಲೇ ಹಾದುಹೋಯಿತು.

ಟೀಚರು ಬಸ್ಸಿನಿಂದಲೇ ನನಗೆ ಫೋನ್ ಮಾಡಿದರು. ಹಿನ್ನೆಲೆಯಲ್ಲಿ ಯಜಮಾನರ ಗಾಬರಿ ದನಿ ಕೇಳುತ್ತಿತ್ತು: "ಪರದೆ ಎಳಿ ಮಾರಾಯ್ತಿ, ಚೀಲಕ್ಕೆ ಮನೆ ಕಾಣತ್ತೆ!"

೫. ಹಿಮನದಿ

ಹದಿನೈದು ದಿನ ಬಿಟ್ಟು ಇಬ್ಬರೂ ಚಾಕೊಲೇಟು ಹಿಡಿದುಕೊಂಡು ಆಫೀಸಿಗೆ ಬಂದರು. ಮೆಟ್ಟಿಲನ್ನು ಟೀಚರು ಸರಸರ ಹತ್ತಿದರು. ಫೋರ್‌ಮನ್ನರು ಕಂಬಿ ಹಿಡಿದು ಒಂದೊಂದೇ ಹತ್ತಿದರು.

ಆದದ್ದು ಹೀಗೆ. ಟೀಚರು ಹೋಗುವಾಗ ಕಾಲು ಚಾಚಿ ಮಲಗಿದವರು, ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ಇವರು ಹಿಂದೆ, ಕಿಟಕಿ ಪಕ್ಕ. ಬಸ್ಸಿನಲ್ಲಿ ಕಲಿತ ಪಾಠ, ಸಾಮಾನು ಕಣ್ಣಿಗೆ ಕಾಣುವ ಹಾಗಿರಬೇಕು. ಹಾಗಾಗಿ ಒಂದು ತಿಂಡಿ ಚೀಲವನ್ನು ಪಾದದ ಕೆಳಗೆ ಇಟ್ಟುಕೊಂಡು, ಇನ್ನೊಂದನ್ನು ತೊಡೆಯ ಮೇಲೆ ತಬ್ಬಿಕೊಂಡು ಕೂತರು. ವಿಮಾನದವರು ಬಂದು ಮೇಲಿನ ಡಬ್ಬಿಯಲ್ಲಿಟ್ಟರೆ, ಅವರು ಅತ್ತ ಹೋದ ಮೇಲೆ ಮತ್ತೆ ಇಳಿಸಿಕೊಂಡರು. ಪಕ್ಕದ ಇಬ್ಬರು ನಿದ್ದೆ ಹೋಗಿದ್ದರು, ಎಬ್ಬಿಸುವುದು ಸರಿಯಲ್ಲ ಎಂದು ಒಮ್ಮೆಯೂ ಏಳಲಿಲ್ಲ. ಗಲ್ಫಿನಲ್ಲಿ ಇಳಿದು ಹತ್ತಿದ ಮೇಲೂ ಅದೇ ಭಂಗಿ. ಕೊನೆಗೆ ಸ್ವಿಟ್ಜರ್ಲೆಂಡಿನಲ್ಲಿ ಇಳಿಯುವ ಹೊತ್ತಿಗೆ ಎರಡೂ ಮಂಡಿ, ಸೊಂಟ ಎಲ್ಲ ಹಿಡಿದುಕೊಂಡು, ಕೂತ ಆಕಾರದಲ್ಲೇ ಎದ್ದು ನಿಂತರು.

ಟೀಚರಿಗೆ ಇರಲಿ ಎಂದು ವಿಮಾನ ನಿಲ್ದಾಣದಲ್ಲಿ, ಹಿಮನದಿ ನೋಡುವ ಜಾಗದಲ್ಲಿ, ಎರಡೂ ಕಡೆ ನಾನು ಗಾಲಿ ಕುರ್ಚಿ ಹೇಳಿಟ್ಟಿದ್ದೆ. ಕುರ್ಚಿ ತಂದವನು ಟೀಚರ ಹೆಸರು ಕೂಗಿ, ಇಬ್ಬರನ್ನೂ ಒಮ್ಮೆ ನೋಡಿ, ಫೋರ್‌ಮನ್ನರನ್ನೇ ಕೂರಿಸಿಕೊಂಡನಂತೆ.

"ಹಿಮನದಿ ನೋಡಿದ್ರಾ ಟೀಚರ್?"

"ಕಣ್ತುಂಬ ನೋಡ್ದೆ. ಬೋರ್ಡಲ್ಲಿ ಬಿಡಿಸಿದಷ್ಟು ಬೆಳ್ಳಗಿಲ್ಲ ಮೇಡಂ, ಮೇಲೆಲ್ಲ ಮಣ್ಣು, ಕಲ್ಲು. ಆದ್ರೂ ಅರ್ಧ ಗಂಟೆ ನಿಂತೇ ನೋಡ್ದೆ. ಒಂದು ಚೂರು ನೋವಿಲ್ಲ." ಫೋನ್ ತೆಗೆದು ಫೋಟೋ ತೋರಿಸಿದರು. ಹಿಂದೆ ಹಿಮನದಿ, ಮುಂದೆ ಗಾಲಿ ಕುರ್ಚಿಯಲ್ಲಿ ಮಫ್ಲರ್ ಸುತ್ತಿಕೊಂಡ ಫೋರ್‌ಮನ್ನರು, ತಳ್ಳುವ ಹಿಡಿಯ ಮೇಲೆ ಕೈಯಿಟ್ಟು ನೆಟ್ಟಗೆ ನಿಂತ ಟೀಚರು.

"ಅಲ್ಲೊಬ್ಬ ಬಿಳಿ ಹೆಂಗಸು ಬಂದಳು ಮೇಡಂ," ಟೀಚರಿಗೆ ಹೇಳುವಾಗಲೇ ನಗು. "ನಾನು ತಳ್ಕೊಂಡು ಬಂದಿದ್ದು ನೋಡಿ ಅವಳಿಗೆ ಕಣ್ಣಲ್ಲಿ ನೀರು. ನನ್ನ ಕೈ ಹಿಡ್ಕೊಂಡು, ನಿಮ್ಮದು ದೊಡ್ಡ ಮನಸ್ಸು ಅಂದಳು. ಆಮೇಲೆ ಇವರ ಹತ್ರ ಬಗ್ಗಿ, ಪಾಪ, ಯಾವಾಗಿಂದ ಹೀಗೆ ನಿಮಗೆ ನಡೆಯೋಕೆ ಆಗ್ತಿಲ್ಲ ಅಂತ ಇಂಗ್ಲಿಷಲ್ಲಿ ಕೇಳಿದಳು."

"ಅದಕ್ಕೆ ನೀವೇನಂದ್ರಿ ಸರ್?"

ಫೋರ್‌ಮನ್ನರು ಕುರ್ಚಿಯಲ್ಲಿ ಮೆಲ್ಲಗೆ ಕಾಲು ನೀಡಿಕೊಳ್ಳುತ್ತ, ಅದರಲ್ಲೇನು ಮುಚ್ಚುಮರೆ ಎಂಬಂತೆ ಹೇಳಿದರು.

"ಬೆಂಗಳೂರಿಂದ ಅಂದೆ."